‘ಅಪ್ಪ ಅಮ್ಮ 40’ ಲೈಟಿನ ಅಕ್ಷರ: ಒತ್ತು ಮಂಕಾಗಿದೆ, ಬಲೂನ್ ಮಾಲೆ ಬಿಸಿಲಿಗೆ ಒಡೆಯುತ್ತಿದೆ. ಭಾನುವಾರದೊಳಗೆ ಸರಿಯಾಗಬೇಕು

ಕೇಳಿದ್ದು: ಆಲ್ದೂರು ಹತ್ತಿರದಿಂದ

ಎಲ್ಲರಿಗೂ ನಮಸ್ಕಾರ. ಈ ಭಾನುವಾರಕ್ಕೆ ನಮ್ಮ ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ. ಮನೆ ಮುಂದಿನ ಕಾಫಿ ಕಣ ಈಗ ಖಾಲಿ ಇದೆ, ಅಲ್ಲೇ ಸಂಜೆ ಊಟ ಇಟ್ಟುಕೊಂಡಿದ್ದೇವೆ. ಚಿಕ್ಕಮಗಳೂರಿನ ಅಂಗಡಿಗಳಲ್ಲಿ ನನಗೆ ಸಿಕ್ಕ ಲೈಟಿನ ಅಕ್ಷರಗಳೆಲ್ಲ ಇಂಗ್ಲಿಷಿನವು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವರೇ ಓದಿಕೊಳ್ಳಲಿ ಅಂತ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಕತ್ತರಿಸಿ ‘ಅಪ್ಪ ಅಮ್ಮ 40’ ಅಂತ ನಾನೇ ಮಾಡಿದೆ. ಒಂದೊಂದು ಅಕ್ಷರ ಎರಡಡಿ ಎತ್ತರ. 5 ಮೀಟರಿನ ಎರಡು ರೋಲ್ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಅಂಟಿಸಿದ್ದೇನೆ.

ನಿನ್ನೆ ಹಚ್ಚಿ ನೋಡಿದೆ. 40 ಚೆನ್ನಾಗಿದೆ. ‘ಅಪ್ಪ’ ಸುಮಾರು. ‘ಅಮ್ಮ’ ಅನ್ನುವಾಗ ಬೆಳಕು ಇಳಿಯುತ್ತಾ ಹೋಗಿ, ಕೊನೆಯ ಮ ಒತ್ತು ಕಾಣುವುದೇ ಇಲ್ಲ. ದೂರದಿಂದ ‘ಅಮ’ ಅಂತ ಓದಬೇಕು. ಪ ಒತ್ತಿನ ತುದಿಯಲ್ಲಿ ಎರಡು ಎಲ್‌ಇಡಿ ಹೊತ್ತುವುದೇ ಇಲ್ಲ. ಇನ್ನು ಕಾಲು ಗಂಟೆಯಾದರೆ ಎಲ್ಲಾ ಆರಿ, ಆಮೇಲೆ ತಾನೇ ಹೊತ್ತಿಕೊಳ್ಳುತ್ತದೆ.

ಬಲೂನಿನ ಕಥೆಯೂ ಇದೆ. ರಾತ್ರಿ ಚಳಿಯಲ್ಲಿ ಕೂತು ಬಿಳಿ, ಕಡು ಹಸಿರು ಸೇರಿಸಿ ಒಂದು ಮಾಲೆ ಕಟ್ಟಿ ಕಣದ ಮೇಲೆ ಬಿಟ್ಟಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಯಿತು ನೋಡಿ, ಒಂದಾದ ಮೇಲೆ ಒಂದು ಢಂ ಅಂತ. ಗೋಡೆಗೆ ಗ್ಲೂ ಡಾಟ್‌ನಲ್ಲಿ (ಬಲೂನಿಗೆ ಹಾಕುವ ಅಂಟಿನ ಚುಕ್ಕೆ) ಅಂಟಿಸಿದ ಮಾಲೆಯ ತುಂಡು ಸುಣ್ಣದ ಸಮೇತ ಕಿತ್ತುಕೊಂಡು ಬಂತು. ಯಾರಾದರೂ ದಾರಿ ಹೇಳಿ.

ಉತ್ತರ: ಅರಸೀಕೆರೆಯಿಂದ

ನಾನು ಟಿವಿ, ಮಿಕ್ಸಿ ರಿಪೇರಿ ಮಾಡುವವನು. ಲೈಟಿನ ವಿಷಯ ಹೇಳಬಲ್ಲೆ. ಮೊದಲು ಮೂರು ಮಾಹಿತಿ ಬೇಕು. ಅಡಾಪ್ಟರ್ ಎಷ್ಟು ಆಂಪಿಯರಿನದು? ಸ್ಟ್ರಿಪ್ ಕವರಿನ ಮೇಲೆ ಮೀಟರಿಗೆ ಎಷ್ಟು ವ್ಯಾಟ್ ಅಂತ ಬರೆದಿದೆ? ತುಂಡುಗಳನ್ನು ಯಾವ ವೈರಿನಲ್ಲಿ ಸೇರಿಸಿದ್ದೀರಿ? ಮಲ್ಟಿಮೀಟರ್ ಇದ್ದರೆ ಎಲ್ಲಾ ಹೊತ್ತಿರುವಾಗಲೇ ಎರಡೂ ತುದಿಯಲ್ಲಿ ವೋಲ್ಟ್ ನೋಡಿ ಹೇಳಿ.

ಕೇಳಿದವರು

ಅಡಾಪ್ಟರ್ 12 ವೋಲ್ಟ್ 2 ಆಂಪಿಯರ್. ಕವರಿನ ಮೇಲೆ ಮೀಟರಿಗೆ 4.8 ವ್ಯಾಟ್ ಅಂತಿದೆ. ವೈರು ಹಳೇ ಟೆಲಿಫೋನಿನದು, ಮನೆಯಲ್ಲಿ ಬಿದ್ದಿತ್ತು. ಅಡಾಪ್ಟರಿನಿಂದ 40, ಅಲ್ಲಿಂದ ‘ಅಪ್ಪ’, ಅಲ್ಲಿಂದ ‘ಅಮ್ಮ’, ಒಂದೇ ಸಾಲು. ಬೆಸುಗೆ ಒಟ್ಟು 22 ಕಡೆ. ಮೀಟರಿನಲ್ಲಿ ಅಡಾಪ್ಟರ್ ಹತ್ತಿರ 11.9, ಮ ಒತ್ತಿನ ತುದಿಯಲ್ಲಿ 9.4.

ಉತ್ತರ: ಅರಸೀಕೆರೆಯಿಂದ

ಆ 9.4ರಲ್ಲೇ ಉತ್ತರ ಇದೆ. ಈ ಸ್ಟ್ರಿಪ್‌ನಲ್ಲಿ ಮೂರು ಮೂರು ಎಲ್‌ಇಡಿ ಸಾಲಾಗಿ ಕೂತಿರುತ್ತವೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು, ಮೂರಕ್ಕೆ 9. ನಿಮ್ಮಲ್ಲಿ ಉಳಿದಿರುವುದು ಬರೀ 0.4. ಅದಕ್ಕೇ ಮಂಕು. ಒತ್ತಿನದೇನೂ ತಪ್ಪಿಲ್ಲ, ಅದು ಸಾಲಿನ ಕೊನೆಯಲ್ಲಿದೆ ಅಷ್ಟೇ.

ಈಗ ಅಡಾಪ್ಟರ್. 10 ಮೀಟರಿಗೆ 48 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 4 ಆಂಪಿಯರ್. ನಿಮ್ಮದು ಕೊಡುವುದು 2. ಬಿಸಿಯಾಗಿ ತನ್ನನ್ನು ಕಾಪಾಡಿಕೊಳ್ಳಲು ಆರುತ್ತದೆ, ತಣ್ಣಗಾದ ಮೇಲೆ ಹೊತ್ತುತ್ತದೆ. 12 ವೋಲ್ಟ್ 5 ಆಂಪಿಯರಿನದು ತನ್ನಿ. ಸಿಸಿ ಕ್ಯಾಮೆರಾ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ.

ಆದರೆ ಅಡಾಪ್ಟರ್ ಒಂದನ್ನೇ ಬದಲಾಯಿಸಿದರೆ ಒತ್ತು ಬೆಳಗುವುದಿಲ್ಲ. ಸಾಲು ಬಿಚ್ಚಲೇಬೇಕು. 40ಕ್ಕೆ ಒಂದು ಜೋಡಿ ವೈರು, ‘ಅಪ್ಪ’ಗೆ ಒಂದು, ‘ಅಮ್ಮ’ಗೆ ಒಂದು, ಮೂರೂ ನೇರ ಅಡಾಪ್ಟರಿನಿಂದ ಬರಲಿ. ಟೆಲಿಫೋನ್ ವೈರು ಬೇಡ, ಅದು ತೀರಾ ಸಪೂರ. ಮನೆ ವೈರಿಂಗಿಗೆ ಹಾಕುವ 1.5 ಚದರ ಮಿಲಿಮೀಟರಿನದು ಇರಲಿ. ಅದರಲ್ಲಿ 6 ಮೀಟರ್ ದೂರಕ್ಕೆ 2 ಆಂಪಿಯರ್ ಕಳಿಸಿದರೂ ಕಳೆದುಹೋಗುವುದು 0.3 ವೋಲ್ಟ್ ಮಾತ್ರ. ‘ಅಮ್ಮ’ದ ಅ ಕಡೆಗೂ ಮ ಒತ್ತಿನ ಕಡೆಗೂ, ಎರಡೂ ತುದಿಗೆ ವೈರು ಕೊಟ್ಟರೆ ಇನ್ನೂ ಒಳ್ಳೆಯದು. ಪ್ಲಸ್, ಮೈನಸ್ ಅದಲು ಬದಲಾಗದಂತೆ ಕೆಂಪು, ಕಪ್ಪು ಬಣ್ಣದ್ದೇ ತನ್ನಿ.

ಪ ಒತ್ತಿನ ಎರಡು ಎಲ್‌ಇಡಿ ಕೆಟ್ಟಿಲ್ಲ ಅನಿಸುತ್ತದೆ. ಸ್ಟ್ರಿಪ್ ಮೇಲೆ ಸಣ್ಣ ಕತ್ತರಿ ಗುರುತು ಇರುತ್ತದಲ್ವಾ, ಮೂರು ಎಲ್‌ಇಡಿಗೊಮ್ಮೆ? ಅದನ್ನು ಬಿಟ್ಟು ನಡುವೆ ಕತ್ತರಿಸಿದ್ದರೆ ಆ ಗುಂಪು ಪೂರ್ತಿ ಆಗುವುದಿಲ್ಲ, ಹೊತ್ತುವುದಿಲ್ಲ. ಆ ತುದಿ ತೆಗೆದು ಮೂರರ ತುಂಡು ಹಾಕಿ. ಕನ್ನಡದ ದುಂಡಕ್ಷರಕ್ಕೆ ಇದೊಂದು ಕಷ್ಟ. ಸ್ಟ್ರಿಪ್ ಪಕ್ಕಕ್ಕೆ ಬಾಗುವುದಿಲ್ಲ, ತಿರುವಿಗೊಂದು ತುಂಡು ಬೇಕು. ಮುಂದಿನ ಸಲ ಎಸ್ ಆಕಾರದಲ್ಲಿ ಮಡಿಕೆ ಮಡಿಕೆಯಾಗಿ ಬರುವ ಸ್ಟ್ರಿಪ್ ತನ್ನಿ, ಅದು ಹೇಗೆ ಬೇಕಾದರೂ ಬಳುಕುತ್ತದೆ. ಅರ್ಧ ಬೆಸುಗೆ ಕೆಲಸ ಉಳಿತಾಯವಾಗುತ್ತದೆ.

ಒಂದು ಮಾತು ಮರೆಯಬೇಡಿ. ನಿಮ್ಮ ಕಡೆ ಸಂಜೆಯಾದರೆ ಇಬ್ಬನಿ ಬೀಳುತ್ತದೆ. ಅಡಾಪ್ಟರೂ 230 ವೋಲ್ಟಿನ ಎಕ್ಸ್‌ಟೆನ್ಷನ್ ಬೋರ್ಡೂ ಜಗುಲಿ ಮೇಲೆ, ಮಾಡಿನ ಕೆಳಗೇ ಇರಲಿ. ಕಣಕ್ಕೆ ಬರಬೇಕಾದ್ದು 12 ವೋಲ್ಟಿನ ವೈರು ಮಾತ್ರ. ಮಕ್ಕಳು ಓಡಾಡುವ ಜಾಗ ಅದು.

ಉತ್ತರ: ಹಾಸನದಿಂದ

ತಮ್ಮಾ, ಬಲೂನಿನ ವಿಷಯ ನಾನು ಹೇಳ್ತೀನಿ. ನಾಮಕರಣ, ಸೀಮಂತ ಅಂತ ಹಾಸನದ ಸುತ್ತಮುತ್ತ ಡೆಕೊರೇಷನ್ ಮಾಡುತ್ತೇನೆ. ಮೊದಲು ನಾನೂ ಬಿಗಿಯಾಗಿ ಊದಿಯೇ ಪೆಟ್ಟು ತಿಂದವಳು.

ಬೆಳಗಿನ ಜಾವ 15 ಡಿಗ್ರಿ ಇದ್ದ ಗಾಳಿ ಮಧ್ಯಾಹ್ನ 32ಕ್ಕೆ ಬಂದರೆ ಶೇಕಡಾ 6ರಷ್ಟು ಹಿಗ್ಗುತ್ತದೆ. ಬಿಸಿಲಲ್ಲಿರುವ ಬಲೂನಿನ ಮೈ ಇನ್ನೂ ಬಿಸಿ. ಕಡು ಬಣ್ಣ ಜಾಸ್ತಿ ಬಿಸಿಲು ಹೀರುತ್ತದೆ. ಹಾಗಾಗಿ ನಿಮ್ಮ ಹಸಿರೇ ಮೊದಲು ಹೋಗಿರಬೇಕು. ಅದರ ಮೇಲೆ ಸಿಮೆಂಟ್ ಕಣ ಕೆಳಗಿನಿಂದ ಕಾವು ಬಿಡುತ್ತದೆ. ನೆಲಕ್ಕೆ ತಾಗಿದರೆ ಒಂದು ಮರಳು ಚೂರು ಸಾಕು.

12 ಇಂಚಿನ ಬಲೂನನ್ನು 9 ಇಂಚಿಗೇ ನಿಲ್ಲಿಸಿ. ರಟ್ಟಿನ ಡಬ್ಬಕ್ಕೆ 9 ಇಂಚಿನ ತೂತು ಕೊರೆದು, ಊದಿದ ಮೇಲೆ ಅದರಲ್ಲಿ ತೂರಿಸಿ ನೋಡಿ. ಹೋಗದಿದ್ದರೆ ಗಾಳಿ ಬಿಡಿ. ಬಾಯಿಯ ಕಡೆ ಉದ್ದ ಎಳೆದು ಪೇರಲೆ ಹಣ್ಣಿನ ಹಾಗೆ ಕಂಡರೆ ಜಾಸ್ತಿಯಾಗಿದೆ ಅಂತ ಅರ್ಥ. ಗುಂಡಗೆ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಇರಬೇಕು. ಎರಡೆರಡು ಬಾಯಿ ಸೇರಿಸಿ ಗಂಟು ಹಾಕಿ, ಎರಡು ಜೋಡಿ ತಿರುಚಿದರೆ ನಾಲ್ಕರ ಗೊಂಚಲು. ಅದನ್ನು ಗಾಳದ ನೈಲಾನ್ ದಾರಕ್ಕೆ ಸುತ್ತುತ್ತಾ ಹೋಗಿ. ಸುಣ್ಣದ ಗೋಡೆಗೆ ಗ್ಲೂ ಡಾಟ್ ಹಿಡಿಯುವುದಿಲ್ಲ, ಸುಮ್ನೆ ದುಡ್ಡು ದಂಡ. ಜಗುಲಿ ಕಂಬಕ್ಕೆ ದಾರ ಬಿಗಿದು ಮಾಲೆಯನ್ನು ಅದಕ್ಕೇ ಕಟ್ಟಿ.

ಶನಿವಾರ ರಾತ್ರಿಯೇ ಕಟ್ಟಿ ಕೋಣೆಯಲ್ಲಿಡಿ. ಗಾಳಿ ತುಂಬಿದ ಬಲೂನಿಗೆ ಒಂದು ದಿನದಲ್ಲಿ ಏನೂ ಆಗುವುದಿಲ್ಲ. ಭಾನುವಾರ ಬಿಸಿಲು ಇಳಿದ ಮೇಲೆ, ನಾಲ್ಕೂವರೆಗೆ ಹೊರಗೆ ತನ್ನಿ. ಬಿಸಿಲು ಕಂಡ ಬಲೂನು ಹೊಳಪು ಕಳೆದುಕೊಂಡು ಹೊಗೆ ಹಿಡಿದಂತೆ ಕಾಣುತ್ತದೆ, ಅದೂ ತಪ್ಪುತ್ತದೆ. ಮೇಲೆ ಹಾರುವ ಗ್ಯಾಸ್ ಬಲೂನು ಸೇರಿಸೋಣ ಅಂತ ಯಾರಾದರೂ ಅಂದರೆ ದಯವಿಟ್ಟು ಬೇಡ ಅನ್ನಿ. ಬೀದಿಯಲ್ಲಿ ಮಾರುವುದರಲ್ಲಿ ಎಷ್ಟೋ ಸಲ ಹೈಡ್ರೋಜನ್ ಇರುತ್ತದೆ, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಕೇಳಿದವರು, ಶನಿವಾರ ರಾತ್ರಿ

ಅಕ್ಕ, ಅಣ್ಣ, ಇಬ್ಬರಿಗೂ ಕೈ ಮುಗಿದೆ. ವೈರು ಬದಲಾಯಿಸಿದೆ. ಮ ಒತ್ತಿನಲ್ಲಿ ಈಗ 11.5 ತೋರಿಸುತ್ತಿದೆ! ಎರಡು ಗಂಟೆಯಿಂದ ಹೊತ್ತಿದೆ, ಆರಿಲ್ಲ. ಪ ಒತ್ತು ನೀವು ಹೇಳಿದ ಹಾಗೇ, ಕತ್ತರಿ ಗುರುತಿಗಿಂತ ಒಂದು ಎಲ್‌ಇಡಿ ಈಚೆ ಕತ್ತರಿಸಿದ್ದೆ. ಒಂದೇ ತೊಂದರೆ. ಅಕ್ಷರದ ಪಕ್ಕದ ಬಲೂನುಗಳು ನೆರಳಿನಲ್ಲೂ ಒಡೆಯುತ್ತಿವೆ. ಅಲ್ಲಿ ಬಿಸಿ ಏನೂ ಇಲ್ಲ.

ಉತ್ತರ: ಹಾಸನದಿಂದ

ಅಕ್ಷರದ ಹಿಂದೆ ಕೈಯಾಡಿಸಿ ನೋಡಿ. ವೈರು ಬಿಗಿಯಲು ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ ಬಾಲ ಕತ್ತರಿಸಿದ್ದೀರಾ? ಓರೆಯಾಗಿ ಕತ್ತರಿಸಿದ ತುದಿ ಬ್ಲೇಡಿನಷ್ಟೇ ಚೂಪು. ವೈರಿನ ಎಳೆ, ಬೆಸುಗೆಯ ಮೊನೆಯೂ ಹಾಗೇ. ನೇಲ್ ಕಟರಿನಲ್ಲಿ ಬುಡಕ್ಕೆ ಕತ್ತರಿಸಿ ಮೇಲೆ ಬಟ್ಟೆಯ ಟೇಪು ಸುತ್ತಿ.

ಕೇಳಿದವರು, ಸೋಮವಾರ

ಅದೇ ಆಗಿತ್ತು. ಏಳು ಟ್ಯಾಗಿನ ಬಾಲ ಸಿಕ್ಕಿತು. ಆಮೇಲೆ ರಾತ್ರಿ ಪೂರ್ತಿ ಒಂದೂ ಒಡೆಯಲಿಲ್ಲ. ಅಮ್ಮ ಕಣದ ಆ ತುದಿಯಿಂದಲೇ ಜೋರಾಗಿ ಓದಿದರು. ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೂ ಆರಿಸಲು ಬಿಡಲಿಲ್ಲ. ಬೆಳಿಗ್ಗೆ ಎದ್ದು ಮೊದಲು ಒಡೆದ ಬಲೂನಿನ ರಬ್ಬರ್ ಚೂರೆಲ್ಲ ಹೆಕ್ಕಿ ತೆಗೆದೆವು, ಕೊಟ್ಟಿಗೆ ಪಕ್ಕದಲ್ಲೇ ಇದೆ, ದನ ತಿಂದರೆ ಕಷ್ಟ. ಅಕ್ಷರಗಳನ್ನು ಅಟ್ಟದಲ್ಲಿ ಮಲಗಿಸಿ ಇಡಬಹುದಾ?

ಉತ್ತರ: ಅರಸೀಕೆರೆಯಿಂದ

ಬೇಡ, ಭಾರ ಬಿದ್ದರೆ ಬೆಸುಗೆ ಬಿಡುತ್ತದೆ. ಹಳೇ ಪಂಚೆ ಸುತ್ತಿ ನಿಲ್ಲಿಸಿ ಇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಹಚ್ಚಿ ನೋಡಿ.