ಹೊಲದ ಗೊಬ್ಬರ, ಸ್ಥಾವರದ ಬೂದಿ, ಕುಡಿಯುವ ನೀರು: ತಜ್ಞೆಯನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ ನಮ್ಮ ಗುಂಪಿನ ಮಣ್ಣು-ನೀರು ತಜ್ಞೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ವಿದ್ಯುತ್ ತಯಾರಿಕೆ ಮತ್ತು ಬೇಸಾಯದಿಂದ ಮಣ್ಣು, ನೀರು, ಗಾಳಿಗೆ ಏನಾಗುತ್ತದೆ ಅನ್ನುವುದೇ ವಿಷಯ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತೆನೆ: ನಮಸ್ತೆ ಮೇಡಂ. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹೊರಡುತ್ತೆ ಅಂತಾರೆ. ನೀರಿಲ್ಲದೆ ಭತ್ತ ಬೆಳೆಯೋದು ಹೇಗೆ?

ತಜ್ಞೆ: ನಮಸ್ತೆ. ನೀರು ಬೇಕು, ಆದರೆ ಸದಾ ನಿಂತಿರಬೇಕಾಗಿಲ್ಲ. ಕೆಸರಿನಲ್ಲಿ ಆಮ್ಲಜನಕ ಮುಗಿದಾಗ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಮಧ್ಯೆ ಮಧ್ಯೆ ಗದ್ದೆ ಆರಿದರೆ ಅವುಗಳ ಕೆಲಸ ನಿಲ್ಲುತ್ತದೆ. ತೂತು ಕೊರೆದ ಪೈಪೊಂದನ್ನು ಗದ್ದೆಯಲ್ಲಿ ಹೂಳಿ. ಅದರೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಕಟ್ಟಿ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಆರಲು ಬಿಡಬೇಡಿ. ಸರಿಯಾಗಿ ಮಾಡಿದರೆ ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಯುತ್ತದೆ. ಪಂಪಿನ ಕರೆಂಟೂ ಉಳಿಯುತ್ತದೆ.

ಬಿಸಿಲುಕೋಲು: ಸೋಲಾರ್ ಪ್ಯಾನೆಲ್ ಹಾಕಿದ ಕಡೆ ಮೋಡ ಚದುರಿ ಮಳೆ ಬರಲ್ಲ ಅಂತ ಮೆಸೇಜ್ ಬಂದಿದೆ. ನಿಜಾನಾ?

ತಜ್ಞೆ: ಅಲ್ಲ. ಹೊಲದ ಅಳತೆಯ ಪ್ಯಾನೆಲ್‌ಗಳಿಗೆ ಮೋಡ ಚದುರಿಸುವ ಶಕ್ತಿ ಇಲ್ಲ. ಒಳ್ಳೆ ಉಳುವ ಭೂಮಿ ಹೋಗುತ್ತದೆಯೇ, ಹಳೆ ಪ್ಯಾನೆಲ್‌ಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಅಂತ ಕೇಳಿ. ಅವು ಕೇಳಬೇಕಾದ ಪ್ರಶ್ನೆಗಳು.

ಹೊಸ ಅಪ್ಪ: ಮೇಡಂ, ನಮ್ಮ ಮಗುವಿಗೆ ಎರಡೂವರೆ ತಿಂಗಳು. ಎದೆಹಾಲು ಸಾಲದೆ ಡಬ್ಬಿ ಹಾಲಿನ ಪುಡಿ ಕೊಡ್ತಿದ್ದೀವಿ. ನೀರು ಮನೆಯ ಬೋರ್‌ವೆಲ್ಲಿನದು. ಸುತ್ತ ಹೊಲ, ಬೋರ್‌ವೆಲ್ ಪಕ್ಕದಲ್ಲೇ ತಿಪ್ಪೆ. ನೀರಿನ ರಿಪೋರ್ಟ್‌ನಲ್ಲಿ ನೈಟ್ರೇಟ್ 118 ಅಂತ ಬಂದಿದೆ. ಮನೆಯವರು ಚೆನ್ನಾಗಿ ಕುದಿಸಿ ಕೊಟ್ಟರೆ ಸಾಕು ಅಂದರು, ಹಾಗೇ ಮಾಡ್ತಿದ್ದೀವಿ. ಎರಡು ದಿನದಿಂದ ಹಾಲು ಕುಡಿಯುವಾಗ ತುಟಿ ಬೂದು ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತೆ. ಫಿಲ್ಟರ್ ಯಾವುದು ಹಾಕಿಸಲಿ?

ತಜ್ಞೆ: ಫಿಲ್ಟರ್ ಆಮೇಲೆ. ಆ ನೀರಿನ ಹಾಲು ಈಗಲೇ ನಿಲ್ಲಿಸಿ, ಮಗುವನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀರಿನ ರಿಪೋರ್ಟ್ ಕೈಯಲ್ಲಿರಲಿ. "ನೈಟ್ರೇಟ್ ಇರುವ ನೀರು ಕೊಟ್ಟಿದ್ದೇವೆ, ಮೆಟ್‌ಹೀಮೋಗ್ಲೋಬಿನ್ ನೋಡಿ" ಅಂತ ಮೊದಲ ಮಾತಲ್ಲೇ ಹೇಳಿ. ಬೆಳಗ್ಗೆವರೆಗೆ ಕಾಯಬೇಡಿ. ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳಿ, ಕೆಳಗೆ ಬರೆಯುತ್ತೇನೆ.

ಹೊಸ ಅಪ್ಪ: ಹೊರಟ್ವಿ ಮೇಡಂ.

ತಜ್ಞೆ: ಎಲ್ಲರೂ ಓದಿ. ಈ ಗುಂಪಿನಲ್ಲಿ ಬೋರ್‌ವೆಲ್ ನೀರು ಕುಡಿಯುವ ಮನೆಗಳು ಬಹಳ ಇವೆ.

ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಬೆಳೆ ಎತ್ತಿಕೊಳ್ಳುವುದು ಒಂದು ಪಾಲು ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ಮಣ್ಣಿನ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬಣ್ಣ, ವಾಸನೆ, ರುಚಿ ಏನೂ ಇರುವುದಿಲ್ಲ. ಪರೀಕ್ಷೆ ಬಿಟ್ಟು ಬೇರೆ ಯಾವ ದಾರಿಯಲ್ಲೂ ಅದು ಗೊತ್ತಾಗುವುದಿಲ್ಲ.

ದೊಡ್ಡವರಿಗಿಂತ ಆರು ತಿಂಗಳೊಳಗಿನ ಮಕ್ಕಳಿಗೆ ಇದರ ಅಪಾಯ ಬಹಳ ಜಾಸ್ತಿ. ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗುತ್ತದೆ. ನೈಟ್ರೈಟ್ ರಕ್ತದ ಹೀಮೋಗ್ಲೋಬಿನ್ ಅನ್ನು ಆಮ್ಲಜನಕ ಹೊರಲಾರದ ಮೆಟ್‌ಹೀಮೋಗ್ಲೋಬಿನ್ ಮಾಡಿಬಿಡುತ್ತದೆ. ಅದನ್ನು ವಾಪಸ್ ಸರಿಮಾಡುವ ಕಿಣ್ವ ಎಳೆಮಕ್ಕಳಲ್ಲಿ ಕಡಿಮೆ. ಹಾಗಾಗಿ ತುಟಿ, ಉಗುರು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುತ್ತವೆ. ಬಾವಿ ನೀರಿಗೂ ಇದಕ್ಕೂ ಇರುವ ನಂಟನ್ನು 1945ರಲ್ಲೇ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ಬರೆದಿದ್ದರು. ಇಷ್ಟು ಹಳೆಯ ವಿಷಯಕ್ಕೆ ಇಂದಿಗೂ ಮಗು ನರಳಬೇಕಾಗಿಲ್ಲ.

ಕುದಿಸುವುದು. ರೋಗಾಣುಗಳಿಗೆ ಅದು ಸರಿ. ನೈಟ್ರೇಟ್ ಆವಿಯಾಗಿ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಎರಡು ಲೀಟರ್ ಒಂದಾಗುವಷ್ಟು ಕುದಿಸಿದರೆ 118 ಇದ್ದದ್ದು 236 ಆಗುತ್ತದೆ.

ರಿಪೋರ್ಟ್ ಓದುವಾಗ ಒಂದು ಎಚ್ಚರ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್. ಕೆಲವು ಲ್ಯಾಬ್‌ಗಳು ಅದನ್ನು "ನೈಟ್ರೇಟ್-ನೈಟ್ರೋಜನ್" ಲೆಕ್ಕದಲ್ಲಿ, ಅಂದರೆ ನೈಟ್ರೇಟಿನೊಳಗಿನ ಸಾರಜನಕದ ತೂಕವನ್ನು ಮಾತ್ರ, ಬರೆಯುತ್ತವೆ. ಆ ಲೆಕ್ಕದಲ್ಲಿ ಮಿತಿ ಸುಮಾರು 11. "20 ತಾನೇ, 50ಕ್ಕಿಂತ ಕಡಿಮೆ" ಅಂತ ಸುಮ್ಮನಾದವರ ನೀರು ಮಿತಿಗಿಂತ ಸುಮಾರು ಎರಡು ಪಟ್ಟು ಕೆಟ್ಟಿರಬಹುದು. ಯಾವ ಲೆಕ್ಕ ಅಂತ ಕೇಳಿ ತಿಳಿದುಕೊಳ್ಳಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ತೊಂದರೆಯಲ್ಲಿ ಸರಿಯಾಗಿ ತೋರಿಸುವುದಿಲ್ಲ. ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ. ರಕ್ತವನ್ನೇ ಪರೀಕ್ಷೆ ಮಾಡಬೇಕು.

ತಾಯಿ ಆ ನೀರು ಕುಡಿದಿದ್ದರೂ ಎದೆಹಾಲಿನಲ್ಲಿ ನೈಟ್ರೇಟ್ ಅಷ್ಟಾಗಿ ಸೇರುವುದಿಲ್ಲ. ಎದೆಹಾಲು ನಿಲ್ಲಿಸಬೇಡಿ. ಸ್ನಾನ, ಬಟ್ಟೆ ಒಗೆಯುವುದು ಆ ನೀರಿನಲ್ಲೇ ಆಗಲಿ, ಚರ್ಮದ ಮೂಲಕ ಅದು ಒಳಗೆ ಹೋಗುವುದಿಲ್ಲ.

ಹಸಿರು ದಾರಿ: ಮೇಡಂ, ನುಗ್ಗೆ ಬೀಜ ಅರೆದು ಹಾಕಿ, ರಾತ್ರಿಯಿಡೀ ಇದ್ದಿಲು ನೆನೆಸಿದರೆ ಎಲ್ಲ ರಾಸಾಯನಿಕವೂ ಹೋಗುತ್ತೆ. ತುಂಬಾ ಜನಕ್ಕೆ ಗುಣ ಆಗಿದೆ. ಪೂರ್ತಿ ಮೆಸೇಜ್ ಹಾಕ್ತೀನಿ.

ತಜ್ಞೆ: ಹಾಕಬೇಡಿ. ನುಗ್ಗೆ ಬೀಜ ಕದಡಿದ ನೀರನ್ನು ತಿಳಿಗೊಳಿಸುತ್ತದೆ. ಇದ್ದಿಲು ವಾಸನೆಯನ್ನೂ ಕೆಲವು ಸಾವಯವ ರಾಸಾಯನಿಕಗಳನ್ನೂ ಹಿಡಿಯುತ್ತದೆ. ಕರಗಿದ ನೈಟ್ರೇಟ್ ಎರಡರಿಂದಲೂ ಹೋಗುವುದಿಲ್ಲ. ನೀರು ತಿಳಿಯಾಗಿ ಕಂಡಿತು ಅಂತ ನಂಬಿ ಯಾರಾದರೂ ಇನ್ನೊಂದು ಬಾಟಲಿ ಹಾಲು ಕಲಸುತ್ತಾರೆ. ನನ್ನ ಭಯ ಅದೇ.

ಹಸಿರು ದಾರಿ: ಎಲ್ಲದಕ್ಕೂ ಮೂಲ ಯೂರಿಯಾ. ಸಾವಯವಕ್ಕೆ ಬಂದರೆ ನೈಟ್ರೇಟ್ ಸಮಸ್ಯೆನೇ ಇರಲ್ಲ.

ನೇಗಿಲು: ಅಣ್ಣ, ಅವರ ಬೋರ್‌ವೆಲ್ ಪಕ್ಕ ಇರೋದು ತಿಪ್ಪೆ, ಯೂರಿಯಾ ಮೂಟೆ ಅಲ್ಲ.

ಹಸಿರು ದಾರಿ: ತಿಪ್ಪೆ ಸಾವಿರಾರು ವರ್ಷದಿಂದ ಇದೆ. ಆಗ ಯಾರ ಮಗು ನೀಲಿ ಆಗಿತ್ತು?

ನೇಗಿಲು: ಆಗ ರಕ್ತ ಪರೀಕ್ಷೆ ಮಾಡೋರು ಯಾರಿದ್ದರು? ಯೂರಿಯಾ ಇಲ್ಲದೆ ಇಷ್ಟು ಜನಕ್ಕೆ ಊಟ ಹಾಕಿ ತೋರಿಸಿ.

ಬಿಸಿಲುಕೋಲು: ಯೂರಿಯಾ ಮಾಡೋಕೆ ಎಷ್ಟು ಗ್ಯಾಸ್ ಸುಡ್ತಾರೆ ಅದನ್ನೂ ಹೇಳಿ.

ತಜ್ಞೆ: ಮೂವರಿಗೂ ಒಂದೇ ಸಲ ಹೇಳುತ್ತೇನೆ. ಕೊಟ್ಟಿಗೆ ಗೊಬ್ಬರದ ಸಾರಜನಕವೂ ಮಣ್ಣಿನಲ್ಲಿ ಕೊನೆಗೆ ನೈಟ್ರೇಟ್ ಆಗುತ್ತದೆ. ಜಾಸ್ತಿಯಾದರೆ ಅದೂ ಕೆಳಗಿಳಿಯುತ್ತದೆ. ಯೂರಿಯಾ ಬರುವುದು ಅಮೋನಿಯದಿಂದ. 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ ಮಾಡುವ ಹೇಬರ್-ಬಾಷ್ ವಿಧಾನದ ಮೊದಲ ದೊಡ್ಡ ಕಾರ್ಖಾನೆ ಶುರುವಾಯಿತು. ಇವತ್ತಿಗೂ ಅಮೋನಿಯಕ್ಕೆ ಬೇಕಾದ ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದಲೇ ಬರುತ್ತದೆ. ಅಂದರೆ ಚೀಲದಲ್ಲಿ ಇರುವುದು ಇಂಧನವೇ. ಹೊಲಕ್ಕೆ ಹಾಕಿದ ಮೇಲೆ ಅದರ ಸಾರಜನಕದ ಒಂದು ಸಣ್ಣ ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಬಿಸಿ ಹಿಡಿಯುತ್ತದೆ. ಆ ಚೀಲ ಇಲ್ಲದಿದ್ದರೆ ಜಗತ್ತಿನ ಅರ್ಧದಷ್ಟು ಜನರ ಅನ್ನಕ್ಕೆ ಕಷ್ಟ ಅನ್ನುವುದೂ ನಿಜ. ಎರಡೂ ನಿಜ. ಕಂತು ಮಾಡಿ ಹಾಕಿ, ಬೆಳೆಗೆ ಬೇಕಾದಷ್ಟೇ ಹಾಕಿ, ಜೋರು ಮಳೆಗೆ ಮುಂಚೆ ಹಾಕಬೇಡಿ. ಗೊಬ್ಬರ ಯಾವುದೇ ಆದರೂ ಇದೇ ಮಾತು.

ಕಪ್ಪು ಮಣ್ಣು: ಮೇಡಂ, ಕಲ್ಲಿದ್ದಲು ಸ್ಥಾವರದವರು ಹಾರುಬೂದಿ ಸುಮ್ನೆ ಕೊಡ್ತಾರೆ. ಹೋದ ವರ್ಷ ಹಾಕಿದೆ, ಬೀನ್ಸ್ ಚೆನ್ನಾಗಿ ಬಂತು. ಈ ವರ್ಷವೂ ಅಷ್ಟೇ ಹಾಕಿದೆ. ಕೆಳಗಿನ ಎಲೆಗಳ ಅಂಚು ಹಳದಿಯಾಗಿ, ಆಮೇಲೆ ಸುಟ್ಟ ಹಾಗೆ ಆಗಿದೆ. ಪಕ್ಕದ ಹೊಲದವರೂ ಇದೇ ಬೂದಿ ಹಾಕಿದ್ದಾರೆ, ಅವರ ಹತ್ತಿಗೆ ಏನೂ ಆಗಿಲ್ಲ. ರೋಗ ಇರಬಹುದಾ?

ತಜ್ಞೆ: ಒಳ್ಳೆಯ ಪ್ರಶ್ನೆ. ಹೋದ ವರ್ಷದ್ದು ಸ್ಥಾವರದವರು ಬೂದಿಯನ್ನು ನೀರಿನ ಜೊತೆ ಬಿಡುವ ಹೊಂಡದಿಂದ ಬಂದ ಒದ್ದೆ ಬೂದಿಯೇ? ಈ ವರ್ಷದ್ದು ಟ್ಯಾಂಕರಿನಲ್ಲಿ ಬಂದ ಒಣ ಬೂದಿಯೇ?

ಮಿಂಚುಹುಳ: ಬೂದಿಯಲ್ಲಿ ಅಣುಸ್ಥಾವರಕ್ಕಿಂತ ಜಾಸ್ತಿ ವಿಕಿರಣ ಇದೆಯಂತೆ ಮೇಡಂ?

ತಜ್ಞೆ: ಕಲ್ಲಿದ್ದಲಿನ ಯುರೇನಿಯಂ, ಥೋರಿಯಂ ಬೂದಿಯಲ್ಲಿ ಉಳಿಯುತ್ತವೆ. ಸಾಮಾನ್ಯವಾಗಿ ಪ್ರಮಾಣ ಕಡಿಮೆ. ಬೂದಿಯಲ್ಲಿರುವ ಆರ್ಸೆನಿಕ್, ಸೆಲೆನಿಯಂನಂಥ ವಿಷಗಳ ಬಗ್ಗೆ ಮೊದಲು ಯೋಚಿಸಿ.

ಬೇಲಿ ಹೂ: ಗಾಳಿಯಂತ್ರದ ಸದ್ದಿಗೆ ಜೇನು ಓಡಿಹೋಗುತ್ತಾ?

ಕಪ್ಪು ಮಣ್ಣು: ಹೌದು ಮೇಡಂ! ಹೋದ ವರ್ಷ ಹೊಂಡದ್ದು, ಈ ವರ್ಷ ಒಣ ಬೂದಿ. ಹೇಗೆ ಗೊತ್ತಾಯ್ತು?

ತಜ್ಞೆ: ಎಲೆಯ ಲಕ್ಷಣ ಬೋರಾನ್ ಜಾಸ್ತಿಯಾದದ್ದನ್ನು ಹೇಳುತ್ತದೆ. ಅದು ಮೊದಲು ಹಳೆಯ ಎಲೆಗಳ ತುದಿ, ಅಂಚುಗಳಲ್ಲೇ ಕಾಣುವುದು. ಬೋರಾನ್ ಗಿಡಕ್ಕೆ ಚೂರು ಬೇಕು, ಅದಕ್ಕಿಂತ ಸ್ವಲ್ಪ ಜಾಸ್ತಿಯಾದರೂ ವಿಷ. ಬೀನ್ಸ್ ಅದನ್ನು ತಡೆಯುವುದಿಲ್ಲ, ಹತ್ತಿ ಚೆನ್ನಾಗಿ ತಡೆಯುತ್ತದೆ. ಪಕ್ಕದ ಹೊಲದ ಬೆಳೆ ಚೆನ್ನಾಗಿದೆ ಅಂದರೆ ಅಲ್ಲಿನ ಮಣ್ಣೂ ಚೆನ್ನಾಗಿದೆ ಅಂತ ಅರ್ಥವಲ್ಲ.

ಹೊಸ ಬೂದಿಯ ಬೋರಾನ್ ನೀರಿನಲ್ಲಿ ಬೇಗ ಕರಗುತ್ತದೆ. ಹೊಂಡದಲ್ಲಿ ಬಹಳ ಕಾಲ ನೆನೆದ ಬೂದಿಯಿಂದ ಅದರ ದೊಡ್ಡ ಪಾಲು ತೊಳೆದುಹೋಗಿರುತ್ತದೆ. ಹಾಗಾಗಿ ಹೋದ ವರ್ಷ ನೀವು ಬಚಾವಾದಿರಿ. ತೊಳೆದು ಹೋದದ್ದು ಎಲ್ಲಿದೆ ಹೇಳಿ? ಹೊಂಡದ ನೀರಿನಲ್ಲಿ. ಆ ನೀರು ಹೊರಗೆ ಹರಿಯುತ್ತಿದೆಯೇ?

ಕಪ್ಪು ಮಣ್ಣು: ಕಾಲುವೆಗೆ ಬಿಡ್ತಾರೆ. ನಾವು ದನಗಳಿಗೂ ಅಲ್ಲೇ ಕುಡಿಸ್ತೀವಿ.

ತಜ್ಞೆ: ಇವತ್ತಿನಿಂದ ಕುಡಿಸಬೇಡಿ. ಬೋರಾನ್ ಒಂದೇ ಅಲ್ಲ, ಸೆಲೆನಿಯಂ, ಆರ್ಸೆನಿಕ್ ಕೂಡ ಅದೇ ದಾರಿಯಲ್ಲಿ ಬರುತ್ತವೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬೆಲ್ಯೂಸ್ ಅನ್ನುವ ಸರೋವರ ಇದೆ. 1970ರ ದಶಕದಲ್ಲಿ ಕಲ್ಲಿದ್ದಲು ಸ್ಥಾವರದ ಬೂದಿ ಹೊಂಡದ ನೀರು ಅದಕ್ಕೆ ಸೇರುತ್ತಿತ್ತು. ನೀರಿನಲ್ಲಿ ಸೆಲೆನಿಯಂ ಇದ್ದದ್ದು ಬಹಳ ಕಡಿಮೆ. ಆದರೆ ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ ಅದು ಸೇರುತ್ತಾ ಹೋಯಿತು. ಕೆಲವೇ ವರ್ಷದಲ್ಲಿ ಅಲ್ಲಿನ ಬಹುತೇಕ ಮೀನಿನ ಜಾತಿಗಳು ಇಲ್ಲವಾದವು. ದೊಡ್ಡ ಮೀನು ತೇಲಿ ಸತ್ತದ್ದಕ್ಕಿಂತ ಹೆಚ್ಚಾಗಿ, ಮರಿಗಳು ಬದುಕಲಿಲ್ಲ. ಇನ್ನು 2008ರ ಡಿಸೆಂಬರ್‌ನಲ್ಲಿ ಟೆನೆಸ್ಸಿಯ ಕಿಂಗ್‌ಸ್ಟನ್‌ನಲ್ಲಿ ಬೂದಿ ಹೊಂಡದ ಕಟ್ಟೆಯೇ ಒಡೆದು ಸುಮಾರು 40 ಲಕ್ಷ ಘನ ಮೀಟರ್ ಬೂದಿ ಕೆಸರು ನದಿಗೂ ಸುತ್ತಲಿನ ನೆಲಕ್ಕೂ ನುಗ್ಗಿತು. ಕಟ್ಟೆ ಒಡೆದರೆ ಎಲ್ಲರಿಗೂ ಕಾಣುತ್ತದೆ. ದಿನಾ ಸೋರುವುದನ್ನು ಯಾರೂ ನೋಡುವುದಿಲ್ಲ.

ಗೂಡು: ನಮ್ಮ ಬೋರ್‌ವೆಲ್ ನೈಟ್ರೇಟ್ 70 ಇದೆ. ಕುದಿಸಿದರೆ ಆಗುತ್ತಾ?

ತಜ್ಞೆ: ಇಲ್ಲ. ಮೇಲೆ ಬರೆದಿದ್ದೇನೆ.

ಹಿತ್ತಲು: ಪಟಿಕ ಹಾಕಿದರೆ?

ತಜ್ಞೆ: ಇಲ್ಲ.

ಹೊಗೆಗೂಡು: ಗೋಬರ್ ಗ್ಯಾಸ್ ಪರಿಸರಕ್ಕೆ ಒಳ್ಳೇದು ಅಂತ ಹಾಕಿಸಿದೆ. ಗ್ಯಾಸ್ ಸೋರ್ತಿದೆಯಾ ಅಂತ ನೋಡೋಕೆ ಉರಿಯೋ ಕಾಗದ ಹಿಡೀರಿ, ಬಗ್ಗಡ ಕಟ್ಟಿಕೊಂಡರೆ ಒಳಗಿಳಿದು ಕಲಕಿ ಅಂತ ವಿಡಿಯೋ ಬಂದಿದೆ.

ತಜ್ಞೆ: ಆ ವಿಡಿಯೋ ಅಳಿಸಿ, ಕಳಿಸಿದವರಿಗೂ ಅಳಿಸಲು ಹೇಳಿ. ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ಗಾಳಿಯಲ್ಲಿ 5ರಿಂದ 15 ಪ್ರತಿಶತ ಇದ್ದರೆ ಕಿಡಿಗೆ ಸ್ಫೋಟಿಸುತ್ತದೆ. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಪ್ರಮಾಣ ಏರಿದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು ಅಂತ ಇಳಿದವರು ಬೀಳುತ್ತಾರೆ, ಅವರನ್ನು ಎತ್ತಲು ಇಳಿದವರೂ ಬೀಳುತ್ತಾರೆ. ಸೋರಿಕೆ ನೋಡಲು ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದೆ. ಒಳಗೆ ಯಾರೂ ಇಳಿಯಬೇಡಿ. ಸೋರಿದರೆ ಪರಿಸರಕ್ಕೆ ಆಗುವ ಲಾಭವೂ ಹೋಯಿತು, 20 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಹಿಡಿಯುತ್ತದೆ.

ಹಸಿರು ದಾರಿ: ಸಾಂಪ್ರದಾಯಿಕ ಜ್ಞಾನಕ್ಕೆಲ್ಲ ಮೇಡಂ ಇಲ್ಲ ಅಂತಾನೇ ಹೇಳ್ತಾರೆ. ಕಂಪನಿ ಪರ ಮಾತು.

ನೇಗಿಲು: ಬೂದಿ ಹೊಂಡದ ಬಗ್ಗೆ ಅಷ್ಟು ಬರೆದವರು ಕಂಪನಿ ಪರಾನಾ? ಓದಿ ಮಾತಾಡಿ.

ಹಸಿರು ದಾರಿ: ನಿಮ್ಮನ್ನ ಕೇಳಿಲ್ಲ.

ಬಿಸಿಲುಕೋಲು: ಇಬ್ಬರೂ ಬೇರೆ ಕಡೆ ಜಗಳ ಆಡಿ. ಎಲ್ಲ ಕಡೆ ಸೋಲಾರ್ ಮಾಡಿದರೆ ಬೂದಿನೇ ಇರಲ್ಲ.

ನೇಗಿಲು: ರಾತ್ರಿ ಪಂಪು ನಿಮ್ಮ ಸೋಲಾರ್ ಓಡಿಸುತ್ತಾ?

ಅಡ್ಮಿನ್: ನೇಗಿಲು, ಹಸಿರು ದಾರಿ, ಬಿಸಿಲುಕೋಲು, ಇನ್ನೊಂದು ಸಾಲು ಬಂದರೆ ಮೂವರನ್ನೂ ತೆಗೆಯುತ್ತೇನೆ.

ಹಿತ್ತಲು: ಮೇಡಂ, ನಿಂಬೆರಸ ಹಿಂಡಿದರೆ ನೈಟ್ರೇಟ್ ಹೋಗಲ್ವಾ?

ತಜ್ಞೆ: ಮನೆಯಲ್ಲಿ ನೀರಿಗೆ ಏನು ಬೆರೆಸಿದರೂ ಹೋಗುವುದಿಲ್ಲ. ಇದನ್ನು ಇನ್ನು ಕೇಳಬೇಡಿ.

ಕಪ್ಪು ಮಣ್ಣು: ಮೇಡಂ, ಹೊಲಕ್ಕೆ ನೀರು ಜಾಸ್ತಿ ಹಾಯಿಸಿ ಬೋರಾನ್ ತೊಳೆದುಬಿಡಲಾ?

ತಜ್ಞೆ: ತೊಳೆಯಬಹುದು, ಆದರೆ ಅದು ಕೆಳಗಿನ ಅಂತರ್ಜಲಕ್ಕೆ ಹೋಗುತ್ತದೆ. ಮೊದಲು ಪರೀಕ್ಷೆ ಮಾಡಿಸಿ. ಮಣ್ಣಿನಲ್ಲಿ ಬಿಸಿನೀರಿಗೆ ಕರಗುವ ಬೋರಾನ್, ಪಿಎಚ್, ಲವಣಾಂಶ, ಆರ್ಸೆನಿಕ್. ಕುಡಿಯುವ ನೀರಿನಲ್ಲಿ ಬೋರಾನ್, ಸೆಲೆನಿಯಂ, ಆರ್ಸೆನಿಕ್. ಅಲ್ಲಿವರೆಗೆ ಬೂದಿ ಹಾಕಬೇಡಿ, ಬೀನ್ಸ್ ಬದಲು ಹತ್ತಿ ಅಥವಾ ಜೋಳ ಹಾಕಿ. ಫಲಿತಾಂಶ ಬಂದ ಮೇಲೆ ಇಲ್ಲೇ ಹಾಕಿ, ನಾನು ನೋಡಬೇಕು. ಕಾಲುವೆ ನೀರಿನ ಮಾದರಿಯನ್ನು ಊರಿನವರೆಲ್ಲ ಸೇರಿ ಪರೀಕ್ಷೆಗೆ ಕೊಡಿ. ಒಬ್ಬರೇ ಹೋದರೆ ಸ್ಥಾವರದವರು ಕೇಳುವುದಿಲ್ಲ.

ಹೊಸ ಅಪ್ಪ: ಮೇಡಂ, ಆಸ್ಪತ್ರೆಯಿಂದ ಬರೀತಿದ್ದೀನಿ. ಮೆಟ್‌ಹೀಮೋಗ್ಲೋಬಿನ್ ಜಾಸ್ತಿ ಇದೆ ಅಂದರು. ಆಮ್ಲಜನಕ ಕೊಡ್ತಿದ್ದಾರೆ, ರಾತ್ರಿ ಇಲ್ಲೇ ಇಟ್ಟುಕೊಳ್ತಾರೆ. ತುಟಿ ಬಣ್ಣ ವಾಪಸ್ ಬರ್ತಿದೆ. ಮನೆಗೆ ಹೋದ ಮೇಲೆ ಏನು ಮಾಡಲಿ?

ತಜ್ಞೆ: ಬೇಗ ಹೋದದ್ದು ಒಳ್ಳೆಯದಾಯಿತು. ಔಷಧದ ವಿಷಯದಲ್ಲಿ ವೈದ್ಯರು ಹೇಳಿದ್ದೇ ಅಂತಿಮ. ಮಗುವಿನ ಹಾಲಿಗೆ ನೈಟ್ರೇಟ್ ಕಡಿಮೆ ಇದೆ ಅಂತ ಪರೀಕ್ಷೆಯಾದ ನೀರು ಮಾತ್ರ ಬಳಸಿ. ಆ ನೀರನ್ನೂ ರೋಗಾಣು ಸಾಯುವಷ್ಟು ಮಾತ್ರ ಕುದಿಸಿ, ಇಂಗಿಸಬೇಡಿ. ಮನೆಗೆ ಆರ್‌ಓ ಹಾಕಿಸಿದರೆ ನೈಟ್ರೇಟ್ ಇಳಿಯುತ್ತದೆ. ಬರೀ ಇದ್ದಿಲಿನ ಫಿಲ್ಟರ್ ಸಾಲದು. ಹಾಕಿಸಿದ ಮೇಲೆ ಹೊರಬರುವ ನೀರನ್ನು ಪರೀಕ್ಷೆ ಮಾಡಿಸಿ, ಪೊರೆ ಹಳೆಯದಾದಂತೆ ಮತ್ತೆ ಮಾಡಿಸುತ್ತಿರಿ. ತಿಪ್ಪೆಯನ್ನು ಬೋರ್‌ವೆಲ್‌ನಿಂದ ದೂರ, ಇಳಿಜಾರಿನ ಕೆಳಗೆ ಸರಿಸಿ. ಶೌಚದ ಗುಂಡಿ ಎಲ್ಲಿದೆ ಅಂತಲೂ ನೋಡಿ. ಕೆಳಗೆ ಸೇರಿದ್ದು ಖಾಲಿಯಾಗಲು ವರ್ಷಗಳು ಹಿಡಿಯುತ್ತವೆ, ತಿಪ್ಪೆ ಸರಿಸಿದ ತಕ್ಷಣ ನೀರು ಸರಿಹೋಯಿತು ಅಂದುಕೊಳ್ಳಬೇಡಿ. ಸುತ್ತಲಿನ ಮನೆಗಳಲ್ಲಿ ಹಸುಗೂಸು, ಬಸುರಿಯರು ಇದ್ದರೆ ನಾಳೆಯೇ ತಿಳಿಸಿ. ಅವರ ನೀರೂ ಅದೇ ಪದರದಿಂದ ಬರುತ್ತಿರಬಹುದು.

ಹೊಸ ಅಪ್ಪ: ಪಕ್ಕದ ಮನೆಯಲ್ಲಿ ಒಂದು ತಿಂಗಳ ಕೂಸಿದೆ. ಈಗಲೇ ಫೋನ್ ಮಾಡ್ತೀನಿ.

ಬೇಲಿ ಹೂ: ಗಾಳಿಯಂತ್ರ, ಜೇನು. ನನ್ನ ಪ್ರಶ್ನೆ ಹಾಗೇ ಇದೆ.

ಅಡ್ಮಿನ್: ಇವತ್ತಿಗೆ ಪ್ರಶ್ನೆಗಳು ಮುಗಿದವು. ನೈಟ್ರೇಟ್ ಉತ್ತರವನ್ನು ಪಿನ್ ಮಾಡಿದ್ದೇನೆ.