ಮುಚ್ಚಳ ತೆರೆದ ಕೂಡಲೇ ಕ್ಯಾಮೆರಾ ದೀಪ ಹತ್ತಿ ಆರುತ್ತೆ, ಈ ದೀಪವನ್ನ ಎಷ್ಟು ನಂಬಬಹುದು?

ಗೊಂದಲಪುರ (ಪ್ರಶ್ನೆ)

ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ಮುಚ್ಚಳ ತೆರೆದಾಗ ಕ್ಯಾಮೆರಾ ಪಕ್ಕದ ಬಿಳಿ ದೀಪ ಒಂದೆರಡು ಸೆಕೆಂಡ್ ಹತ್ತಿ ಆರುತ್ತದೆ, ಜೊತೆಗೆ ಮಂದ ಕೆಂಪು ಚುಕ್ಕೆಯೊಂದು ಪಟಪಟ ಮಿನುಗುತ್ತದೆ. ಬರೀ ಬ್ರೌಸರ್ ತೆರೆದಿದ್ದಾಗಲೂ ಒಮ್ಮೆ ಬಿಳಿ ದೀಪ ಹತ್ತಿತು. ಆಂಟಿವೈರಸ್‌ಗೆ ಏನೂ ಸಿಕ್ಕಿಲ್ಲ. ಕ್ಯಾಮೆರಾ ತೆರೆದದ್ದು ಯಾವ ಪ್ರೋಗ್ರಾಂ ಅಂತ ಪತ್ತೆ ಹಚ್ಚೋದು ಹೇಗೆ? ದೀಪ ಆರಿದ್ದರೆ ಕ್ಯಾಮೆರಾ ಆಫ್ ಅಂತಲೇ ಅರ್ಥವಾ? ಕ್ಯಾಮೆರಾ ಮುಚ್ಚೋ ಪ್ಲಾಸ್ಟಿಕ್ ಸ್ಲೈಡರ್ ಅಂಟಿಸಿದ್ರೆ ಸ್ಕ್ರೀನ್ ಒಡೆಯುತ್ತೆ ಅಂತಾರೆ, ಅದೂ ನಿಜವಾ?

ರಿಜಿಸ್ಟ್ರಿರಾಯ

ಕೆಂಪು ಚುಕ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ವಿಂಡೋಸ್ ಹಲೋ ಮುಖ ಗುರುತಿಸಲು ಬಳಸುವ ಇನ್‌ಫ್ರಾರೆಡ್ ದೀಪ. ಮುಚ್ಚಳ ತೆರೆದಾಗ ಲಾಗಿನ್ ಪರದೆ ಮುಖ ಹುಡುಕುತ್ತದೆ, ಅದಕ್ಕೇ ಆ ಮಿನುಗು. ಹಲೋದಲ್ಲಿ ಫೇಸ್ ತೆಗೆದು ಪಿನ್ ಮಾತ್ರ ಇಟ್ಟು ನೋಡಿ, ನಿಲ್ಲಬೇಕು. ನಿಲ್ಲದಿದ್ದರೆ ಮುಂದೆ ವಿಚಾರ ಮಾಡೋಣ.

ಬ್ರೌಸರ್ ತೆರೆದಿದ್ದಾಗ ಹತ್ತಿದ್ದನ್ನ ಮಾತ್ರ ಬಿಡಬೇಡಿ. ಸೆಟ್ಟಿಂಗ್ಸ್ > ಪ್ರೈವೆಸಿ ಅಂಡ್ ಸೆಕ್ಯುರಿಟಿ > ಕ್ಯಾಮೆರಾಗೆ ಹೋಗಿ, ಕೆಳಗೆ ರೀಸೆಂಟ್ ಆ್ಯಕ್ಟಿವಿಟಿ ಬಿಡಿಸಿ. ಕಳೆದ 7 ದಿನ ಯಾವ ಆ್ಯಪ್ ಯಾವಾಗ ಕ್ಯಾಮೆರಾ ಕೇಳಿತು ಅನ್ನೋದು ಅಲ್ಲಿರುತ್ತದೆ.

ಅದಕ್ಕಿಂತ ಹಿಂದಿನದು ಬೇಕಾದರೆ ರಿಜಿಸ್ಟ್ರಿ ಎಡಿಟರ್ (ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನ ಬರೆದಿಡುವ ಜಾಗ ತೋರಿಸುವ ಪ್ರೋಗ್ರಾಂ) ತೆರೆಯಿರಿ. ಕರೆಂಟ್ ಯೂಸರ್ ಶಾಖೆಯ ಸಾಫ್ಟ್‌ವೇರ್ > ಮೈಕ್ರೋಸಾಫ್ಟ್ > ವಿಂಡೋಸ್ > ಕರೆಂಟ್ ವರ್ಷನ್ > ಕೆಪಬಿಲಿಟಿ ಆ್ಯಕ್ಸೆಸ್ ಮ್ಯಾನೇಜರ್ > ಕನ್ಸೆಂಟ್ ಸ್ಟೋರ್ > ವೆಬ್‌ಕ್ಯಾಮ್ > ನಾನ್ ಪ್ಯಾಕೇಜ್ಡ್. ಇಲ್ಲಿ ಒಂದೊಂದು ಡೆಸ್ಕ್‌ಟಾಪ್ ಪ್ರೋಗ್ರಾಂಗೂ ಒಂದೊಂದು ಕೀ ಇರುತ್ತದೆ. ಹೆಸರು ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಫೈಲ್ ಇರುವ ದಾರಿಯನ್ನೇ ಸ್ಲ್ಯಾಶ್ ಬದಲು ಹ್ಯಾಷ್ ಚಿಹ್ನೆ ಹಾಕಿ ಬರೆದಿರುತ್ತಾರೆ. ಒಳಗೆ 'ಲಾಸ್ಟ್ ಯೂಸ್ಡ್ ಟೈಮ್ ಸ್ಟಾರ್ಟ್' ಮತ್ತು 'ಸ್ಟಾಪ್' ಅಂತ ಎರಡು ಮೌಲ್ಯ. ಸ್ಟಾಪ್ 0 ಆಗಿದ್ದರೆ ಆ ಪ್ರೋಗ್ರಾಂ ಈಗಲೂ ಕ್ಯಾಮೆರಾ ಹಿಡಿದುಕೊಂಡಿದೆ ಅಂತ. ಇಲ್ಲಿನ ಉದ್ದದ ಸಂಖ್ಯೆ 1601ರ ಜನವರಿ 1ರಿಂದ ಎಣಿಸಿದ ಕಾಲ. ಆವರಣದೊಳಗಿನ ದಶಮಾಂಶ ರೂಪವನ್ನ 'ಡಬ್ಲ್ಯು32ಟಿಎಂ' ಕಮಾಂಡ್‌ಗೆ 'ಎನ್‌ಟಿಟಿಇ' ಆಯ್ಕೆ ಜೊತೆ ಕೊಟ್ಟರೆ ತಾರೀಕು, ಗಂಟೆ ಬರುತ್ತದೆ. ಟೆಂಪ್ ಅಥವಾ ಆ್ಯಪ್‌ಡೇಟಾ ಫೋಲ್ಡರ್‌ನಿಂದ ಓಡುವ, ಹೆಸರೇ ಕೇಳದ ಪ್ರೋಗ್ರಾಂ ಕಂಡರೆ ಅನುಮಾನ ಪಡಿ.

ಒಂದು ಎಚ್ಚರಿಕೆ: ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಅನುಮತಿ ಆಫ್ ಮಾಡಿದ್ದರೂ ಹಲೋ ಕೆಲಸ ಮಾಡುತ್ತದೆ, ಕೆಲವು ಡೆಸ್ಕ್‌ಟಾಪ್ ಪ್ರೋಗ್ರಾಂಗಳೂ ನುಸುಳಬಹುದು. ಮೈಕ್ರೋಸಾಫ್ಟೇ ಇದನ್ನ ಹೇಳುತ್ತದೆ. ಆ ಸ್ವಿಚ್ಚನ್ನ ಬೀಗ ಅಂದುಕೊಳ್ಳಬೇಡಿ.

ಬೆಸುಗೆಕಡ್ಡಿ

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ದೀಪದ ವೈರು ಎಲ್ಲಿಗೆ ಹೋಗಿದೆ ಅನ್ನೋದರ ಮೇಲೆ ನಿಂತಿದೆ.

ಸೆನ್ಸರ್‌ಗೆ (ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಚಿಪ್) ಕರೆಂಟ್ ಕೊಡುವ ಲೈನಿಗೇ ಎಲ್‌ಇಡಿ ಕಟ್ಟಿದ್ದರೆ, ಸೆನ್ಸರ್ ಎದ್ದಾಗ ದೀಪ ಹತ್ತಲೇಬೇಕು, ಸಾಫ್ಟ್‌ವೇರ್ ಏನೂ ಮಾಡಲಾಗದು. ಕ್ಯಾಮೆರಾ ಚಿಪ್‌ನ ಫರ್ಮ್‌ವೇರ್ (ಚಿಪ್ ಒಳಗೇ ಕೂತ ಸಾಫ್ಟ್‌ವೇರ್) ತನ್ನ ಒಂದು ಪಿನ್‌ನಿಂದ ದೀಪ ಹತ್ತಿಸುತ್ತಿದ್ದರೆ, ಫರ್ಮ್‌ವೇರ್ ಬದಲಿಸಿದವನಿಗೆ ದೀಪವೂ ಕೈವಶ.

2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2008ಕ್ಕಿಂತ ಹಿಂದಿನ ಮ್ಯಾಕ್‌ಬುಕ್‌ಗಳಲ್ಲಿ ದೀಪ ಹತ್ತದಂತೆ ಚಿತ್ರ ತೆಗೆದು ತೋರಿಸಿದರು. ಅಲ್ಲಿ ಎಲ್‌ಇಡಿಯನ್ನ ಹಾರ್ಡ್‌ವೇರ್‌ಗೇ ಕಟ್ಟಿದ್ದರು, ಆದರೆ ಕರೆಂಟ್ ಲೈನಿಗಲ್ಲ, ಸೆನ್ಸರ್‌ನ ಸ್ಟ್ಯಾಂಡ್‌ಬೈ ಪಿನ್ನಿಗೆ, ಅಂದರೆ ಅದನ್ನ ಮಲಗಿಸುವ ಸಿಗ್ನಲ್ ಬರುವ ಪಿನ್ನಿಗೆ. 'ಸ್ಟ್ಯಾಂಡ್‌ಬೈ ಸಿಗ್ನಲ್ ಬಂದರೂ ಮಲಗಬೇಡ' ಅಂತ ಸೆನ್ಸರ್‌ಗೆ ಹೇಳಲು ಸಾಧ್ಯವಿತ್ತು. ಅಲ್ಲಿಗೆ ದೀಪ ಆರಿರುತ್ತದೆ, ಕಣ್ಣು ತೆರೆದೇ ಇರುತ್ತದೆ. ಅಡ್ಮಿನ್ ಅನುಮತಿಯೂ ಬೇಕಿರಲಿಲ್ಲ. 2024ರಲ್ಲಿ ಥಿಂಕ್‌ಪ್ಯಾಡ್ ಎಕ್ಸ್230 ಕ್ಯಾಮೆರಾದ ಫರ್ಮ್‌ವೇರನ್ನ ಯುಎಸ್‌ಬಿ ಮೂಲಕವೇ ಬದಲಿಸಿ ಇಂಥದ್ದನ್ನೇ ಮಾಡಿ ತೋರಿಸಿದರು. ಲ್ಯಾಪ್‌ಟಾಪ್ ಒಳಗಿನ ಕ್ಯಾಮೆರಾ ಅಂದರೂ ಸಾಮಾನ್ಯವಾಗಿ ಒಂದು ಯುಎಸ್‌ಬಿ ಸಾಧನವೇ, ಕೇಬಲ್ ಹಿಂಜ್ ಮೂಲಕ ಹೋಗಿರುತ್ತದೆ ಅಷ್ಟೇ.

ಈಗಿನ ಮ್ಯಾಕ್‌ಗಳಲ್ಲಿ ದೀಪ ಹತ್ತದೆ ಕ್ಯಾಮೆರಾ ಶುರುವಾಗದಂತೆ ಕಟ್ಟಿದ್ದೇವೆ ಎಂದು ಆ್ಯಪಲ್ ಹೇಳುತ್ತದೆ. ಬೇರೆ ಕಂಪನಿಗಳ ಸ್ಪೆಕ್ ಹಾಳೆಯಲ್ಲಿ ಈ ವಿವರ ಸಿಗುವುದು ಅಪರೂಪ. ಹಾಗಾಗಿ ದೀಪ ಹತ್ತಿದ್ದರೆ ನಂಬಿ, ಆರಿದ್ದರೆ ಅದೊಂದನ್ನೇ ನಂಬಬೇಡಿ.

ಅಂದ ಮಾತ್ರಕ್ಕೆ ದೀಪ ದಂಡ ಅಲ್ಲ. 2010ರಲ್ಲಿ ಅಮೆರಿಕದ ಲೋವರ್ ಮೆರಿಯನ್ ಶಾಲೆಗಳು ತಾವು ಕೊಟ್ಟ ಮ್ಯಾಕ್‌ಬುಕ್‌ಗಳ ಕ್ಯಾಮೆರಾದಿಂದ ಮಕ್ಕಳ ಚಿತ್ರ ತೆಗೆದದ್ದು ಬಯಲಾಯಿತು. ಹಸಿರು ದೀಪ ಆಗಾಗ ಮಿಂಚುವುದನ್ನ ಮಕ್ಕಳು ಮೊದಲೇ ಗಮನಿಸಿದ್ದರು. ಅದಕ್ಕೇ ಹೇಳೋದು, ಏನೇ ಅಂಟಿಸಿದರೂ ಲೆನ್ಸ್ ಮೇಲೆ ಮಾತ್ರ ಅಂಟಿಸಿ, ಎಲ್‌ಇಡಿ ಕಾಣುತ್ತಿರಲಿ.

ಗೊಂದಲಪುರ

ರೀಸೆಂಟ್ ಆ್ಯಕ್ಟಿವಿಟಿಯಲ್ಲಿ ಕ್ರೋಮ್ ಅಂತಷ್ಟೇ ಬಂತು. ಯಾವ ಸೈಟ್ ಅಂತ ಇಲ್ಲ.

ರಿಜಿಸ್ಟ್ರಿರಾಯ

ವಿಂಡೋಸ್‌ಗೆ ಬ್ರೌಸರ್ ಒಂದೇ ಆ್ಯಪ್, ಒಳಗಿನ ಸೈಟು ಅದಕ್ಕೆ ಕಾಣಲ್ಲ. ಕ್ರೋಮ್‌ನ ಸೆಟ್ಟಿಂಗ್ಸ್ > ಪ್ರೈವೆಸಿ ಅಂಡ್ ಸೆಕ್ಯುರಿಟಿ > ಸೈಟ್ ಸೆಟ್ಟಿಂಗ್ಸ್ > ಕ್ಯಾಮೆರಾ ನೋಡಿ. ಹಿಂದೆ ಯಾವುದೋ ಮೀಟಿಂಗ್‌ಗೆ, ಆನ್‌ಲೈನ್ ಪರೀಕ್ಷೆಗೆ ಅಲೋ ಒತ್ತಿದ ಸೈಟುಗಳೆಲ್ಲ ಅಲ್ಲೇ ಕೂತಿರುತ್ತವೆ. ಆ ಪುಟ ಮತ್ತೆ ತೆರೆದರೆ ಕೇಳದೆಯೇ ಕ್ಯಾಮೆರಾ ಹತ್ತಿಸಬಹುದು. ಎಲ್ಲ ಅಳಿಸಿ, ಮುಂದೆ ಕೇಳಿದಾಗ ಆ ಒಂದು ಸಲಕ್ಕೆ ಮಾತ್ರ ಒಪ್ಪಿಗೆ ಕೊಡಿ.

ಪಟ್ಟಿಪ್ರವೀಣ

ಸ್ಲೈಡರ್ ವಿಚಾರ ನಿಜ. ಈಗಿನ ಪರದೆಗಳ ಅಂಚು ಕೀಬೋರ್ಡ್‌ಗೆ ಬಹಳ ಹತ್ತಿರ ಕೂರುತ್ತದೆ. ನಡುವೆ ದಪ್ಪ ಪ್ಲಾಸ್ಟಿಕ್ ಇದ್ದು ಮುಚ್ಚಳ ಒತ್ತಿದರೆ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಬಿದ್ದು ಗಾಜು ಸೀಳುತ್ತದೆ. ಮ್ಯಾಕ್‌ಬುಕ್‌ಗೆ ಆ್ಯಪಲ್ ಕೊಟ್ಟ ಮಿತಿ 0.1 ಮಿಮೀ, ಅಂದರೆ ಮಾಮೂಲಿ ಪ್ರಿಂಟರ್ ಹಾಳೆಯ ದಪ್ಪ. ಪಕ್ಕದ ಬೆಳಕಿನ ಸೆನ್ಸರ್ ಮುಚ್ಚಿಹೋದರೆ ಪರದೆಯ ಹೊಳಪು ತಾನಾಗಿ ಹೊಂದಿಕೊಳ್ಳುವುದೂ ಕೆಡುತ್ತದೆ.

ಅಗ್ಗದ ದಾರಿ: ಹಾಳೆಯಿಂದ 5 ಮಿಮೀ ಚುಕ್ಕೆ ಕತ್ತರಿಸಿ ಮಾಸ್ಕಿಂಗ್ ಟೇಪ್‌ನ ಅಂಟಿನ ಬದಿಗೆ ಕೂರಿಸಿ, ಆ ಚುಕ್ಕೆ ಲೆನ್ಸ್ ಮೇಲೆ ಬರುವಂತೆ ಹಚ್ಚಿ. ಲೆನ್ಸ್‌ಗೆ ಅಂಟು ತಾಗಲ್ಲ. ಮುಚ್ಚಳ ಹಾಕುವ ಮೊದಲು ತೆಗೆದುಬಿಡಿ.

ಲ್ಯಾಪ್‌ಟಾಪ್‌ನಲ್ಲೇ ಶಟರ್ ಇದ್ದರೆ ಅದು ಯಾವ ಬಗೆಯದ್ದು ನೋಡಿ. ಶಟರ್ ಎಳೆದು ಕ್ಯಾಮೆರಾ ಆ್ಯಪ್ ತೆರೆಯಿರಿ. ದೀಪ ಹತ್ತಿ ಚಿತ್ರ ಕಪ್ಪಾದರೆ ಬರೀ ಪರದೆ ಎಳೆದಂತೆ, ಒಳಗೆ ಕ್ಯಾಮೆರಾ ಓಡುತ್ತಿದೆ. ಡಿವೈಸ್ ಮ್ಯಾನೇಜರ್‌ನಿಂದಲೇ (ವಿಂಡೋಸ್‌ನ ಸಾಧನಗಳ ಪಟ್ಟಿ) ಕ್ಯಾಮೆರಾ ಮಾಯವಾದರೆ ಸ್ವಿಚ್ ಅದರ ಸಂಪರ್ಕವನ್ನೇ ಕಡಿದಿದೆ. ಇನ್‌ಫ್ರಾರೆಡ್ ಇರುವ ಕೆಲವು ಮಾದರಿಗಳಲ್ಲಿ ಶಟರ್ ಬಣ್ಣದ ಲೆನ್ಸ್ ಮಾತ್ರ ಮುಚ್ಚುತ್ತದೆ, ಪಕ್ಕದ್ದು ತೆರೆದೇ ಇರುತ್ತದೆ. ನಿಮ್ಮದು ಹಲೋ ಇರುವ ಯಂತ್ರವಾದ್ದರಿಂದ ಟಾರ್ಚ್ ಹಿಡಿದು ಒಮ್ಮೆ ನೋಡಿಬಿಡಿ.

ಕ್ಯಾಮೆರಾ ಬೇಡವೇ ಬೇಡ ಅನ್ನುವವರು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಸೆಟ್ಟಿಂಗ್ಸ್) ಆಫ್ ಮಾಡಿ, ಬಯಾಸ್‌ಗೆ ಪಾಸ್‌ವರ್ಡ್ ಹಾಕಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿದ್ದನ್ನ ಅಡ್ಮಿನ್ ಹಕ್ಕು ಗಿಟ್ಟಿಸಿದ ಮಾಲ್‌ವೇರ್ ಮತ್ತೆ ಎನೇಬಲ್ ಮಾಡಬಲ್ಲದು.

ಬೆಸುಗೆಕಡ್ಡಿ

ಇದೆಲ್ಲ ಆದರೂ ಮೈಕ್ ಬಾಕಿ. ಟೇಪಿಗೆ ಧ್ವನಿ ನಿಲ್ಲಲ್ಲ, ಮೈಕ್ ಓಡುತ್ತಿದೆ ಅಂತ ತೋರಿಸುವ ದೀಪವೂ ಸಾಮಾನ್ಯವಾಗಿ ಇರಲ್ಲ. ಅದೇ ಕನ್ಸೆಂಟ್ ಸ್ಟೋರ್‌ನಲ್ಲಿ ವೆಬ್‌ಕ್ಯಾಮ್ ಪಕ್ಕ ಮೈಕ್ರೋಫೋನ್ ಅಂತ ಕೀ ಇದೆ, ಅದನ್ನೂ ಬಿಡಿಸಿ ನೋಡಿ.