ಕಡಿಮೆ ಬಜೆಟ್ಟಿನ .22 ಬೋಲ್ಟ್ ಆ್ಯಕ್ಷನ್: 50 ಮೀಟರಿಗೆ ಗುರಿ ನಿಲ್ಲುತ್ತದಾ? ಬಳಸಿದವರು ಹೇಳಿ

ಗೋಣಿಕೊಪ್ಪ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಈ ಸಲ ಕೈಲ್ ಪೊಳ್ದ್ (ಕೊಡಗಿನ ಆಯುಧ ಪೂಜೆಯ ಹಬ್ಬ) ಹೊತ್ತಿಗೆ ಸ್ವಂತದ್ದೊಂದು .22 ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಸಣ್ಣ ಬೋರಿನದು) ತೆಗೆದುಕೊಳ್ಳಬೇಕು ಅಂತಿದ್ದೇನೆ. ಇಷ್ಟು ದಿನ ಚಿಕ್ಕಪ್ಪನ ರೈಫಲ್ ಹಿಡಿದೇ ಊರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಿಲ್ಲುತ್ತಿದ್ದೆ. ಬಜೆಟ್ ಜಾಸ್ತಿ ಇಲ್ಲ. ಅಂಗಡಿಯಲ್ಲಿ ಹೊಸ ದೇಶಿ ಫ್ಯಾಕ್ಟರಿ ರೈಫಲ್ ಇದೆ. ಇನ್ನೊಂದು ಕಡೆ ತೋಟದ ಮನೆಯೊಂದರಲ್ಲಿ ಹಳೆಯ ಬ್ರನೊ (ವಿದೇಶಿ ರೈಫಲ್) ಮಾರಾಟಕ್ಕಿದೆ, ಬೆಲೆ ಸ್ವಲ್ಪ ಮೇಲೆ. ಹೊಸದು ಗುರಿ ನಿಲ್ಲಲ್ಲ ಅಂತ ಒಬ್ಬರು, ಹಳೆಯದರ ಬ್ಯಾರಲ್ ಸವೆದಿರುತ್ತದೆ ಅಂತ ಇನ್ನೊಬ್ಬರು. ಯಾರ ಮಾತು ಕೇಳೋದು? ದಾಖಲೆ ಎಲ್ಲ ಸರಿಯಾಗಿದೆ.

ಪೊನ್ನಂಪೇಟೆ ಸುಬೇದಾರ್ (ನಿವೃತ್ತ)

ಮಗಾ, ಮೊದಲು ಒಂದು ಲೆಕ್ಕ ಮಾಡೋಣ. ಒಂದೇ ಬಿಂದುವಿಗೆ ಗುರಿಯಿಟ್ಟು ಐದು ಗುಂಡು ಹೊಡೆದು, ಅತಿ ದೂರ ಬಿದ್ದ ಎರಡು ತೂತುಗಳ ನಡುವಿನ ಅಂತರ ಅಳೆದರೆ ಅದು ಗ್ರೂಪ್. ಅದನ್ನೇ ಕೋನದಲ್ಲಿ ಹೇಳುವಾಗ ಎಂಒಎ (ಮಿನಿಟ್ ಆಫ್ ಆ್ಯಂಗಲ್) ಅನ್ನುತ್ತಾರೆ. ಒಂದು ಎಂಒಎ ಅಂದರೆ 100 ಮೀಟರಿಗೆ 29 ಮಿಲಿಮೀಟರ್. 50ಕ್ಕೆ ಅದರ ಅರ್ಧ, ಹದಿನಾಲ್ಕೂವರೆ.

ಈಗ 4 ಎಂಒಎ ಕೊಡುವ ರೈಫಲ್ ತಗೋ. ಇವತ್ತಿನ ಲೆಕ್ಕಕ್ಕೆ ಅದು ಸಾಧಾರಣಕ್ಕಿಂತ ಕೆಳಗೆ. ಆದರೂ 50 ಮೀಟರಿನಲ್ಲಿ ಅದರ ಗ್ರೂಪ್ ಆರು ಸೆಂಟಿಮೀಟರಿನೊಳಗೆ ಬರುತ್ತದೆ. ಸುಲಿದ ಕಾಯಿ ಹತ್ತು ಸೆಂಟಿಮೀಟರಿನ ಆಸುಪಾಸು. ಹಾಗಾದರೆ ಕಾಯಿ ತಪ್ಪಿಸುತ್ತಿರುವುದು ಯಾರು? ಹೆಚ್ಚಿನ ಸಲ ಬ್ಯಾರಲ್ ಅಲ್ಲ. ಜೀರೋ (ಗುರಿ ನೋಡುವ ಸೈಟನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸಿಟ್ಟದ್ದು) ತಪ್ಪಿರುತ್ತದೆ, ಇಲ್ಲವೇ ಸ್ಕ್ರೂ ಸಡಿಲ, ಇಲ್ಲವೇ ಹಿಡಿದವನ ಕೈ. ಗ್ರೂಪ್ ಚಿಕ್ಕದಾಗಿದ್ದು ಕಾಯಿಯ ಪಕ್ಕಕ್ಕೆ ಬೀಳುತ್ತಿದ್ದರೆ ಅದು ಸೈಟಿನ ಕೆಲಸ. ಗ್ರೂಪೇ ಚೆಲ್ಲಾಪಿಲ್ಲಿ ಆಗಿದ್ದರೆ ಮಾತ್ರ ರೈಫಲ್ ಮೇಲೆ ಅನುಮಾನ ಪಡು. ಊರಿನಲ್ಲಿ ಇವೆರಡನ್ನೂ ಸೇರಿಸಿ "ಗುರಿ ನಿಲ್ಲಲ್ಲ" ಅಂದುಬಿಡುತ್ತಾರೆ.

ನಮ್ಮ ಕಡೆ ಇನ್ನೊಂದು ವಿಷಯ ಇದೆ, ಬಯಲುಸೀಮೆಯವರಿಗೆ ಅಷ್ಟಾಗಿ ಗೊತ್ತಿರಲ್ಲ. ಮಳೆ. ಫೆಬ್ರವರಿಯಲ್ಲಿ ಜೀರೋ ಮಾಡಿಟ್ಟ ರೈಫಲ್ ಸೆಪ್ಟೆಂಬರಿನಲ್ಲಿ ಬೇರೆ ಕಡೆ ಹೊಡೆಯುತ್ತದೆ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುವ ಹಾಗೆ ಸ್ಟಾಕಿನ (ಬ್ಯಾರಲ್ ಕೂರುವ ಹಿಡಿಯ) ಮರವೂ ಉಬ್ಬುತ್ತದೆ. ಉಬ್ಬಿ ಒಂದು ಪಕ್ಕದಲ್ಲಿ ಬ್ಯಾರಲ್ ಒತ್ತುತ್ತದೆ. ಗುಂಡು ಹಾರುವಾಗ ಬ್ಯಾರಲ್ ಅದುರುತ್ತದಲ್ಲ, ಆ ಅದುರು ಪ್ರತಿ ಸಲ ಒಂದೇ ಥರ ಇದ್ದರೆ ಗುಂಡೂ ಒಂದೇ ಕಡೆ ಹೋಗುತ್ತದೆ. ಮರ ತಾಗಿದರೆ ಆ ಲೆಕ್ಕ ಕೆಡುತ್ತದೆ. ನೋಡೋದು ಸುಲಭ. ಒಂದು ನೋಟನ್ನೋ ಕಾಗದದ ಚೂರನ್ನೋ ಬ್ಯಾರಲ್ ಮತ್ತು ಮರದ ನಡುವೆ ತೂರಿಸಿ ಮೂತಿ ಕಡೆಯಿಂದ ಹಿಂದಕ್ಕೆ ಎಳೆ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಾಗಿದೆ. ಕೆಲವು ಹಳೆಯ ರೈಫಲ್‌ಗಳಲ್ಲಿ ಮುಂದಿನ ತುದಿಯಲ್ಲಿ ಬೇಕೆಂದೇ ತಾಗಿಸಿರುತ್ತಾರೆ, ಅದನ್ನು ಕೆರೆಯಲು ಹೋಗಬೇಡ. ಮಧ್ಯದಲ್ಲಿ ಒಂದೇ ಪಕ್ಕ ತಾಗಿದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಗೆ ಕೊಡು, ಚಿಕ್ಕ ಕೆಲಸ. ಒಳಗಿನ ಮರಕ್ಕೂ ಎಣ್ಣೆ ಅಥವಾ ವಾರ್ನಿಷ್ ಹಚ್ಚಿಸು. ಹೊರಗೆ ಮಿರಮಿರ ಮಿಂಚಿಸಿ ಒಳಗೆ ಹಸಿ ಮರ ಬಿಟ್ಟಿರುವುದೇ ಜಾಸ್ತಿ.

ಇನ್ನು ಮೊದಲ ಗುಂಡು. ರೇಂಜಿನಲ್ಲಿ ಹತ್ತು ಹೊಡೆದು ಬ್ಯಾರಲ್ ಬಿಸಿಯಾದ ಮೇಲೆ ಒಳ್ಳೆಯ ಗ್ರೂಪ್ ಬಂದರೆ ಅದರಿಂದ ನಿನಗೇನು ಲಾಭ? ಊರಿನ ಸ್ಪರ್ಧೆಯಲ್ಲಿ ಕೈಗೆ ಬರುವುದೇ ಒಂದೆರಡು ಗುಂಡು, ಅದೂ ತಣ್ಣಗಿನ ಬ್ಯಾರಲ್ಲಿನಲ್ಲಿ. ಪೂಜೆಗೆ ಅಂತ ಹಿಂದಿನ ರಾತ್ರಿ ಎಣ್ಣೆ ಸುರಿದು ಇಟ್ಟಿರುತ್ತಾರೆ. ಎಣ್ಣೆ ತುಂಬಿದ ಬ್ಯಾರಲ್ಲಿನ ಮೊದಲ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಆ ದೇವರೇ ಹೇಳಬೇಕು. ಒಣ ಚಿಂದಿ ಹಾಕಿ ಎಳೆದು ಒರೆಸಿಕೊಂಡು ಹೋಗು. ಹಾಗೇ ಬೋಲ್ಟ್ ತೆಗೆದು ಬ್ಯಾರಲ್ಲಿನೊಳಗೆ ಬೆಳಕು ನೋಡು. ಮೂತಿಗೆ ಸಿಕ್ಕಿಸಿದ ತೋಕ್ ಪೂ (ಪೂಜೆಯ ಹೂವು) ತೆಗೆಯಲು ಮರೆತು ಮೈದಾನಕ್ಕೆ ಬಂದವರನ್ನು ನೋಡಿದ್ದೇನೆ. ನಗುವ ವಿಷಯ ಅಲ್ಲ, ಬ್ಯಾರಲ್ ಒಡೆಯುತ್ತದೆ.

ವಿರಾಜಪೇಟೆ ಬೆಳೆಗಾರ

ಸುಬೇದಾರ್ ಸಾರ್ ಹೇಳಿದ್ದು ಸರಿ. ಆದರೂ ನಾನು ಬ್ರನೊ ಪರ. ನಮ್ಮ ಮನೆಯಲ್ಲಿ ಮಾಡೆಲ್ 2 ಇದೆ, ಅಪ್ಪನ ಕಾಲದ್ದು. ಚೆಕೊಸ್ಲೊವಾಕಿಯಾದಲ್ಲಿ ಮಾಡಿದ್ದು. ಬೋಲ್ಟ್ ಎಳೆದರೆ ಸುಮ್ನೆ ಜಾರಿ ಬರುತ್ತದೆ. ಟ್ರಿಗರ್ ಎಲ್ಲಿ ಬಿಡುತ್ತದೆ ಅಂತ ಬೆರಳಿಗೆ ಮೊದಲೇ ಗೊತ್ತಾಗುತ್ತದೆ. 1980ರ ದಶಕದಿಂದ ವಿದೇಶಿ ಬಂದೂಕಿನ ಆಮದಿಗೆ ಕಡಿವಾಣ ಬಿದ್ದಿದೆ. ಹಾಗಾಗಿ ಹಳೆಯ ತೋಟದ ಮನೆಗಳಲ್ಲಿ ಇರುವ ಬ್ರನೊ, ಬಿಎಸ್ಎ ಥರದ ವಿದೇಶಿ ರೈಫಲ್ಲುಗಳೇ ಕೈಯಿಂದ ಕೈಗೆ ಹೋಗುತ್ತವೆ. ಬೆಲೆ ಏರುವುದು ಅದಕ್ಕೇ. ಗುರಿಯ ಗುಣಕ್ಕಿಂತ ಹೆಸರಿಗೆ ಕೊಡುವ ದುಡ್ಡೂ ಅದರಲ್ಲಿ ಸ್ವಲ್ಪ ಇದೆ, ಒಪ್ಪುತ್ತೇನೆ.

.22 ಬ್ಯಾರಲ್ ಗುಂಡು ಹೊಡೆದು ಸವೆಯುವುದು ಕಡಿಮೆ. ಸೀಸದ ಗುಂಡು, ಒತ್ತಡವೂ ಜಾಸ್ತಿ ಇಲ್ಲ. ಕೆಡುವುದು ತುಕ್ಕಿನಿಂದ ಮತ್ತು ಒರಟಾಗಿ ಕ್ಲೀನ್ ಮಾಡುವುದರಿಂದ. ಪುಲ್‌ಥ್ರೂ ದಾರವನ್ನು ಓರೆಯಾಗಿ ಎಳೆದೂ ಎಳೆದೂ ಮೂತಿಯ ಒಂದು ಪಕ್ಕ ಸವೆದಿರುತ್ತದೆ. ಗುಂಡು ಕೊನೆಗೆ ಬಿಟ್ಟು ಹೋಗುವ ಜಾಗ ಅದು. ಅಲ್ಲಿ ಅಂಚು ಸಮ ಇಲ್ಲದಿದ್ದರೆ ಹಿಂದಿನಿಂದ ನುಗ್ಗುವ ಗ್ಯಾಸ್ ಗುಂಡನ್ನು ಒಂದು ಕಡೆಗೆ ತಳ್ಳುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಮೂತಿಯ ಒಳ ಅಂಚಿನ ಸುತ್ತ ನಿಧಾನಕ್ಕೆ ತಿರುಗಿಸಿ. ಹತ್ತಿಯ ಎಳೆ ಎಲ್ಲಾದರೂ ಕಚ್ಚಿಕೊಂಡರೆ ಅಲ್ಲಿ ಏಟು ಬಿದ್ದಿದೆ ಅಂತ ಅರ್ಥ. ಆಮೇಲೆ ಬೋಲ್ಟ್ ತೆಗೆದು ಆಕಾಶದ ಕಡೆ ಹಿಡಿದು ನೋಡಿ. ಒಳಗಿನ ಸುರುಳಿ ಗೆರೆಗಳು ಮೂತಿಯವರೆಗೂ ಚೂಪಾಗಿ ಕಾಣಬೇಕು. ಕಪ್ಪು ಚುಕ್ಕೆಗಳಿದ್ದರೆ ತುಕ್ಕಿನ ಗುಳಿ.

ಅಂದಹಾಗೆ, ಮಾರುವವರ ಎದುರು ಖಾಲಿ ಬ್ಯಾರಲ್ಲಿಗೆ ಟಕ್ ಟಕ್ ಅಂತ ಟ್ರಿಗರ್ ಒತ್ತಬೇಡಿ. .22ನಲ್ಲಿ ಪಿನ್ನು ಕಾರ್ಟ್ರಿಜಿನ ಅಂಚಿಗೆ ಹೊಡೆಯುವುದು. ಒಳಗೆ ಏನೂ ಇಲ್ಲದಿದ್ದರೆ ಹಳೆಯ ರೈಫಲ್‌ಗಳಲ್ಲಿ ಚೇಂಬರಿನ (ಕಾರ್ಟ್ರಿಜ್ ಕೂರುವ ಜಾಗದ) ಬಾಯಿಗೇ ಬಡಿಯಬಹುದು. ಹೊಡೆದು ಖಾಲಿಯಾದ ಒಂದು ಕೇಸ್ ಹಾಕಿ ನೋಡಿ.

ಸೋಮವಾರಪೇಟೆ ಅಕ್ಕ

ಎಲ್ಲರೂ ಕಬ್ಬಿಣದ ಬಗ್ಗೆಯೇ ಬರೆದಿದ್ದೀರಿ. ಗುಂಡಿನ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ?

ನನ್ನ ಹತ್ತಿರ ಇರೋದು ದೇಶಿ ಫ್ಯಾಕ್ಟರಿ ರೈಫಲ್ಲೇ. ಬ್ರನೊ ತರೋಷ್ಟು ದುಡ್ಡು ಆಗ ಇರಲಿಲ್ಲ. ಟ್ರಿಗರ್ ಸ್ವಲ್ಪ ಗಟ್ಟಿ, ಮರದ ಕೆಲಸ ಅಷ್ಟಕ್ಕಷ್ಟೆ. ಆದರೆ ಗುಂಡು ಬದಲಿಸಿದಾಗ ಅದೇ ರೈಫಲ್ ಬೇರೆ ರೈಫಲ್ ಥರ ನಡೆದುಕೊಂಡಿತು. .22 ಕಾರ್ಟ್ರಿಜನ್ನು ದೊಡ್ಡ ರೈಫಲ್ಲಿನದರ ಹಾಗೆ ನಾವೇ ತುಂಬಿಕೊಳ್ಳಲು ಆಗಲ್ಲ. ಫ್ಯಾಕ್ಟರಿ ತುಂಬಿದ್ದೇ ಗತಿ. ಪ್ರತಿ ಬ್ಯಾರಲ್ಲಿಗೂ ತನ್ನದೇ ಆದ ಇಷ್ಟ ಇರುತ್ತದೆ. ಒಂದೇ ಹೆಸರಿನ ಡಬ್ಬಿಯಲ್ಲೂ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬದಲಾದರೆ ವ್ಯತ್ಯಾಸ ಕಾಣುತ್ತದೆ. ಹೊಂದಿದ ಲಾಟ್ ಸಿಕ್ಕಿದರೆ ನಿಮ್ಮ ಮಿತಿಯೊಳಗೆ ಅದನ್ನೇ ತೆಗೆದಿಡಿ.

ಡಬ್ಬಿಯ ಮೇಲೆ "ಹೈ ವೆಲಾಸಿಟಿ" ಅಂತ ನೋಡಿ ಆಸೆ ಪಡಬೇಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಜೋರಿನ ಗುಂಡು ಅದಕ್ಕಿಂತ ಮೇಲೆ ಹೊರಟು, ದಾರಿಯಲ್ಲಿ ಅದನ್ನು ದಾಟಿ ಕೆಳಗಿಳಿಯುವಾಗ ಅಲುಗಾಡಬಹುದು. ಸ್ಟ್ಯಾಂಡರ್ಡ್ ಗುಂಡು ಮೊದಲಿನಿಂದಲೇ ಅದರ ಕೆಳಗೆ. ಒಲಿಂಪಿಕ್ಸಿನ 50 ಮೀಟರ್ ಸ್ಪರ್ಧೆಯವರು ಬಳಸುವುದೂ ನಿಧಾನದ ಗುಂಡನ್ನೇ. ಅವರ ಹತ್ತು ಅಂಕದ ವೃತ್ತ ಬರೀ 10.4 ಮಿಲಿಮೀಟರ್, ತಿಳಿದಿರಲಿ. ಗುಂಡು ಬದಲಿಸಿದ ಮೇಲೆ ಮೊದಲ ಕೆಲವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದೊಂದು ಕಂಪನಿ ಗುಂಡಿಗೆ ಹಚ್ಚುವ ಮೇಣ ಒಂದೊಂದು ಥರ. ಹೊಸದು ಬ್ಯಾರಲ್ಲಿಗೆ ಹತ್ತಿಕೊಳ್ಳಲು ಸ್ವಲ್ಪ ಬೇಕು.

ಟೆಕ್ಸಾಸಿನಿಂದ, ಊರು ನಾಪೋಕ್ಲು

ಇಲ್ಲಿ ಅಗ್ಗದ ಬೋಲ್ಟ್ ಆ್ಯಕ್ಷನ್ ಅಂದರೆ ಸ್ಯಾವೇಜ್ ಆ್ಯಕ್ಸಿಸ್, ರೂಗರ್ ಅಮೆರಿಕನ್ ಥರದವು. ಅವು ಅಲ್ಲಿನ ಅಂಗಡಿಯಲ್ಲಿ ಸಿಗಲ್ಲ, ಗೊತ್ತು. ಆದರೂ ಅಗ್ಗದ ರೈಫಲ್ ಹೇಗೆ ಗುರಿ ಹಿಡಿಯುತ್ತದೆ ಅನ್ನೋದು ಇವುಗಳಿಂದ ಅರ್ಥ ಆಗುತ್ತದೆ. ಬ್ಯಾರಲ್ ಮತ್ತು ಚೇಂಬರಿನ ಕೆಲಸದಲ್ಲಿ ದುಡ್ಡು ಉಳಿಸುವುದಿಲ್ಲ. ರೂಗರ್ ಬ್ಯಾರಲ್ಲನ್ನು ಸುತ್ತಿಗೆ ಯಂತ್ರದಲ್ಲಿ ಬಡಿದು ರೂಪಿಸುತ್ತಾರೆ. ಸ್ಯಾವೇಜಿನಲ್ಲಿ ಬ್ಯಾರಲ್ ತಿರುಗಿಸಿ, ಗೇಜ್ ಇಟ್ಟು ಅಳೆದು, ಒಂದು ನಟ್ಟಿನಿಂದ ಬಿಗಿದುಬಿಡುತ್ತಾರೆ. ನುರಿತ ಕೈಯಲ್ಲಿ ಒಂದೊಂದನ್ನೂ ಉಜ್ಜಿ ಕೂರಿಸುವ ಖರ್ಚು ಉಳಿಯಿತು, ಅಳತೆಯೂ ಸರಿ ಬಂತು. ಉಳಿತಾಯ ಎಲ್ಲ ಸ್ಟಾಕ್, ಪಾಲಿಶ್, ಗುಂಡು ತುಂಬುವ ಮ್ಯಾಗಜಿನ್‌ಗಳಲ್ಲಿ. ನೋಡಲು ಚೆಂದ ಇರಲ್ಲ, ಹೊಡೆಯಲು ಚೆನ್ನಾಗಿರುತ್ತದೆ. ಹಾಗಾಗಿ ಅಂಗಡಿಯಲ್ಲಿ ಮರದ ಹೊಳಪು ನೋಡಿ ತೀರ್ಮಾನ ಮಾಡಬೇಡಿ.

ಇನ್ನೊಂದು. ಮೂರು ಗುಂಡಿನ ಗ್ರೂಪ್ ತೋರಿಸಿ "ಅರ್ಧ ಇಂಚು ಹೊಡೆಯುತ್ತೆ" ಅನ್ನುವವರು ಇಲ್ಲೂ ಬೇಕಾದಷ್ಟಿದ್ದಾರೆ. ಗುಂಡಿನ ಸಂಖ್ಯೆ ಹೆಚ್ಚಿದ ಹಾಗೆ ಗ್ರೂಪ್ ದೊಡ್ಡದಾಗಲೇಬೇಕು, ಅದು ಗಣಿತ. ಮೂರು ಗುಂಡಿಗೆ ಸರಾಸರಿ ಒಂದು ಇಂಚು ಕೊಡುವ ರೈಫಲ್ ಐದಕ್ಕೆ ಸುಮಾರು ಒಂದೂಕಾಲು, ಹತ್ತಕ್ಕೆ ಒಂದೂವರೆ ದಾಟುತ್ತದೆ. ಮಾರುವವರು ಒಂದು ಹಳೆಯ ಟಾರ್ಗೆಟ್ ಕಾಗದ ತೋರಿಸಿದರೆ ಎಷ್ಟು ತೂತು ಇದೆ ಅಂತ ಮೊದಲು ಎಣಿಸಿ.

ಕುಶಾಲನಗರ 315

ನಾನು ದೊಡ್ಡ ಬೋರಿನ .315 ರೈಫಲ್ ಬಳಸುವವನು. .22 ಬದಲು ಇದನ್ನೇ ತಗೊಳ್ಳೋಣ ಅಂತ ಯೋಚನೆ ಬಂದರೆ ಬಿಟ್ಟುಬಿಡಿ. .303 ಸೈನ್ಯದ ಬೋರ್ ಅಂತ ಜನಸಾಮಾನ್ಯರಿಗೆ ನಿಷೇಧ ಇದ್ದಿದ್ದರಿಂದ ಬಂದದ್ದು ಈ .315. ಇಶಾಪುರದ ಸರ್ಕಾರಿ ಕಾರ್ಖಾನೆಯ ರೈಫಲ್ಲಿನಲ್ಲಿ ಹಳೆಯ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಥರದ್ದೇ ಬೋಲ್ಟ್. ಗಟ್ಟಿಮುಟ್ಟು, ನನಗೆ ಇಷ್ಟ. ಆದರೆ ಹೆಗಲಿಗೆ ಒದೆಯುತ್ತದೆ, ಗುಂಡು ದುಬಾರಿ, ಅಭ್ಯಾಸಕ್ಕೆ ಆಗಲ್ಲ. ತೆಂಗಿನಕಾಯಿ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇರೋದು .22, 12 ಬೋರ್ ಮತ್ತು ಏರ್‌ಗನ್ ವಿಭಾಗಗಳೇ.

ಮಡಿಕೇರಿ ವಕೀಲ

ಗುರಿಯ ಬಗ್ಗೆ ನನಗೆ ಗೊತ್ತಿಲ್ಲ, ಕಾಗದದ ಬಗ್ಗೆ ಎರಡು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ, 2029ರ ಅಕ್ಟೋಬರ್ 31ರವರೆಗೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಹಾಗಂತ ತೋಟದ ಮನೆಯಿಂದ ಜೀಪಿನಲ್ಲಿ ಹಾಕಿಕೊಂಡು ಬಂದುಬಿಡುವ ಹಾಗಿಲ್ಲ. ಖಾಸಗಿಯಾಗಿ ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಳೆಯಬೇಕು. ಹಬ್ಬ ಸೆಪ್ಟೆಂಬರ್ ಮೊದಲ ವಾರ. ಹಿಂದಕ್ಕೆ ಲೆಕ್ಕ ಹಾಕಿಕೊಳ್ಳಿ. ರೈಫಲ್ ಮೇಲಿನ ನಂಬರ್ ಪತ್ರದಲ್ಲಿರುವುದಕ್ಕೆ ಹೊಂದುತ್ತದಾ ಅಂತ ಭೂತಗನ್ನಡಿ ಹಿಡಿದು ಓದಿ.

ಪೊನ್ನಂಪೇಟೆ ಸುಬೇದಾರ್ (ನಿವೃತ್ತ)

ಒಂದು ಬಿಟ್ಟುಹೋಗಿತ್ತು. ಎರಡೂ ರೈಫಲ್ಲನ್ನು ಕೊಳ್ಳುವ ಮೊದಲು ಹೊಡೆದು ನೋಡಲು ಸಾಧ್ಯವಾದರೆ ಇಬ್ಬರ ಮಾತೂ ಕೇಳಬೇಕಾಗಿಲ್ಲ. ಕಾನೂನು ಪ್ರಕಾರ ಇರುವ ರೇಂಜಿಗೆ ಯಜಮಾನರ ಜೊತೆಗೇ ಹೋಗು. ಮರಳಿನ ಚೀಲದ ಮೇಲೆ ಸ್ಟಾಕ್ ಇಡು, ಬ್ಯಾರಲ್ ಚೀಲಕ್ಕೆ ತಾಗಬಾರದು. ಮೊದಲು ಸ್ಟಾಕಿನ ಎರಡು ಸ್ಕ್ರೂ ಬಿಗಿ ಇದೆಯಾ ನೋಡು. ಒಂದೇ ಲಾಟಿನ ಗುಂಡು, 50 ಮೀಟರ್, ಕಾಗದದ ಟಾರ್ಗೆಟ್, ಐದೈದರ ಗ್ರೂಪ್. ಕಾಯಿಗೆ ಹೊಡೆದು ಪರೀಕ್ಷೆ ಮಾಡಬೇಡ. ಕಾಯಿ ಒಡೆಯಿತು ಅನ್ನೋದಷ್ಟೇ ಗೊತ್ತಾಗುತ್ತದೆ, ಎಲ್ಲಿ ಬಿತ್ತು ಅನ್ನೋದು ಗೊತ್ತಾಗಲ್ಲ. ಗ್ರೂಪ್ ಎರಡರದ್ದೂ ನಾಲ್ಕೈದು ಸೆಂಟಿಮೀಟರಿನೊಳಗೆ ಬಂದರೆ ನನ್ನ ಓಟು ಹೊಸದಕ್ಕೆ. ಉಳಿದ ದುಡ್ಡು ಗುಂಡಿಗೆ ಹಾಕಿ ನಿಂತು ಹೊಡೆಯುವ ಅಭ್ಯಾಸ ಮಾಡು. ಬೆಳೆಗಾರ ಸಾಹೇಬರು ಬೇಜಾರು ಮಾಡಿಕೊಳ್ಳಬಾರದು.

ತೋಟದಲ್ಲಿ ಬಾಟಲಿ ಇಟ್ಟು ಹೊಡೆಯೋದು ಬೇಡವೇ ಬೇಡ. .22 ಅಂತ ಸಸಾರ ಮಾಡುತ್ತಾರೆ, ಅದರ ಗುಂಡು ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗಬಲ್ಲದು. ಕಾಫಿ ಗಿಡದ ಮರೆಯಲ್ಲಿ ಕೆಲಸದವರು ಇದ್ದರೂ ಕಾಣಲ್ಲ.

ವಿರಾಜಪೇಟೆ ಬೆಳೆಗಾರ

ಬೇಜಾರೇನಿಲ್ಲ ಸಾರ್. ಆದರೆ ಹೊಸದರ ಟ್ರಿಗರಿಗೆ ಕೈ ಕೂರಿಸಿಕೊಳ್ಳಲು ಒಂದು ವರ್ಷ ಬೇಕು, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಗೋಣಿಕೊಪ್ಪ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಸುಬೇದಾರ್ ಅಂಕಲ್, ಬ್ರನೊ ಮನೆಯವರು ರೇಂಜಿಗೆ ಬರಲು ಒಪ್ಪಿದ್ದಾರೆ. ಅಂಗಡಿಯವರು ಹೊಸದನ್ನು ಹೊಡೆಯಲು ಬಿಡಲ್ಲವಂತೆ. ಅದೇ ಮಾಡೆಲ್ ಇರುವ ಸೋಮವಾರಪೇಟೆ ಅಕ್ಕ ಒಂದು ದಿನ ತಮ್ಮದನ್ನು ತಂದು ತೋರಿಸಿದರೆ ಉಪಕಾರ. ಗುಂಡು ನಾನು ತರುತ್ತೇನೆ.

ಸೋಮವಾರಪೇಟೆ ಅಕ್ಕ

ಬರುತ್ತೇನೆ, ಮಳೆ ಸ್ವಲ್ಪ ಬಿಡಲಿ. ಗುಂಡು ನೀವು ತರೋದು ಬೇಡ, ನನ್ನ ಲಾಟಿನದ್ದೇ ತರುತ್ತೇನೆ. ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಬ್ರನೊಗೆ ಒರಿಜಿನಲ್ ಮ್ಯಾಗಜಿನ್ ಇದೆಯಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಅದು ಕಳೆದುಹೋಗಿದ್ದರೆ ಇನ್ನೊಂದು ಹುಡುಕಿ ಸಾಕಾಗುತ್ತದೆ, ಬೆಲೆಯಲ್ಲಿ ಚೌಕಾಸಿ ಮಾಡಿ.